ಮಂಗಳದಲ್ಲೊಬ್ಬ ಕಸಿ ಮಾಣಿ: ತದ್ರೂಪಿಗಳ ನಗೆ ಕಾದಂಬರಿ ಬರೆಯುವ ಬಗೆ

ತದ್ರೂಪಿ (ಕ್ಲೋನ್), ಮಂಗಳ ಗ್ರಹ, ಮಲೆನಾಡಿನ ಮನೆ ಮೂರನ್ನೂ ಒಂದೇ ಕಾದಂಬರಿಯಲ್ಲಿ ಕೂಡಿಸಿ ನಗಿಸಬೇಕಾದರೆ ಮೊದಲೇ ಒಂದು ಕಟ್ಟು ಹಾಕಿಕೊಳ್ಳಿ: ಇಡೀ ಪುಸ್ತಕಕ್ಕೆ ಒಂದೇ ಸುಳ್ಳು. ಆ ಸುಳ್ಳು ಕೃತಕ ಗರ್ಭವಾಗಿರಲಿ. ಜೀವಕೋಶಗಳನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಟ್ಟು ಸಾಗಿಸಬಹುದು. ಆದರೆ ಮಗುವನ್ನು ಒಂಬತ್ತು ತಿಂಗಳು ಹೊರುವ ಯಂತ್ರ ಇನ್ನೂ ಯಾರ ಕೈಯಲ್ಲೂ ಇಲ್ಲ. ಮಿಕ್ಕಿದ್ದೆಲ್ಲ ನಿಜವೇ ಇರಲಿ. ಎರಡನೇ ಸುಳ್ಳು ಬಂತೋ, ಓದುಗ ನಗುವುದು ಬಿಟ್ಟು 'ಇಲ್ಲಿ ಏನು ಬೇಕಾದರೂ ಆಗುತ್ತದೆ' ಅಂದುಕೊಳ್ಳುತ್ತಾನೆ.

ನಮ್ಮ ಕಡೆಯ ಓದುಗರಿಗೆ ತದ್ರೂಪಿಯ ಪಾಠ ಬೇಕಿಲ್ಲ. ಅಪ್ಪೆಮಿಡಿ ಮಾವಿನ ಕಸಿ, ಕಾಳುಮೆಣಸಿನ ಬಳ್ಳಿಯ ತುಂಡು, ಬಾಳೆಯ ಕಂದು ಎಲ್ಲವೂ ತದ್ರೂಪಿಗಳೇ. ಬೀಜದಿಂದ ಏಳುವ ಅಡಿಕೆ ಸಸಿ ಮಾತ್ರ ಒಂದರಂತೆ ಇನ್ನೊಂದಿಲ್ಲ. ಹಾಗಾಗಿ ಪಾತ್ರಗಳ ಬಾಯಲ್ಲಿ 'ಕ್ಲೋನ್' ಬೇಡ, 'ಕಸಿ ಮಾಣಿ' ಅನ್ನಿಸಿ; ಮಾಣಿ ಅಂದರೆ ನಮ್ಮಲ್ಲಿ ಹುಡುಗ. ಅರ್ಧ ಪುಟದ ವಿವರಣೆ ಉಳಿಯುತ್ತದೆ.

ಪ್ರಾಣಿಗಳಲ್ಲಿ ಕೆಲಸ ಹೀಗೆ: ಮೈಯ ಒಂದು ಕೋಶದ ಕೇಂದ್ರವನ್ನು (ನ್ಯೂಕ್ಲಿಯಸ್), ಕೇಂದ್ರ ತೆಗೆದ ಅಂಡಾಣುವಿಗೆ ಸೇರಿಸಿ, ವಿದ್ಯುತ್ತಿನ ಸಣ್ಣ ಏಟು ಕೊಟ್ಟು, ಭ್ರೂಣ ಬೆಳೆಸಿ ತಾಯಿಯ ಗರ್ಭಕ್ಕೆ ಸೇರಿಸುತ್ತಾರೆ. 1996ರಲ್ಲಿ ಡಾಲಿ ಕುರಿ ಹುಟ್ಟಿದ್ದು ಹೀಗೆಯೇ. ಅದಕ್ಕಾಗಿ ಕೂಡಿಸಿದ ಅಂಡಾಣುಗಳು 277, ಗರ್ಭ ಸೇರಿದ ಭ್ರೂಣಗಳು 29, ಬದುಕಿ ಬಂದ ಮರಿ ಒಂದೇ. ಕರ್ನಾಲ್‌ನ ಡೈರಿ ಸಂಶೋಧನಾ ಸಂಸ್ಥೆ 2009ರಲ್ಲಿ ತದ್ರೂಪಿ ಎಮ್ಮೆ ಕರು ಪಡೆಯಿತು. ಆದ್ದರಿಂದ ನೂರು ತದ್ರೂಪಿಗಳು ಸಾಲಾಗಿ ನಡೆದು ಬರುವ ದೃಶ್ಯ ಬರೆಯಬೇಡಿ. ಇಡೀ ಕಾದಂಬರಿಗೆ ಮೂರು ಜನ ಸಾಕು.

ಬಹಳ ಜನ ಎಡವುವ ಜಾಗ ಮುಂದಿದೆ. ತದ್ರೂಪಿ ಕೂಸಾಗಿಯೇ ಹುಟ್ಟಬೇಕು. ಹಳಬನ ನೆನಪು ಅವನಿಗೆ ಬರುವುದಿಲ್ಲ. ಬೆರಳಚ್ಚೂ ಬೇರೆ, ಒಂದೇ ಅಂಡಾಣುವಿನ ಅವಳಿಗಳಲ್ಲಿ ಬೇರೆ ಇರುವ ಹಾಗೆ. ಅಜ್ಜನ ಹೆಬ್ಬೆಟ್ಟಿಗೆ ತೆರೆಯುವ ತಿಜೋರಿ ಮಾಣಿಯ ಹೆಬ್ಬೆಟ್ಟಿಗೆ ತೆರೆಯದು. ಇವು ತೊಡಕಲ್ಲ, ನಗೆಯ ಗಣಿ. ವಂಶವಾಹಿಯ ಲೆಕ್ಕದಲ್ಲಿ ತದ್ರೂಪಿ ಮಗನಲ್ಲ, ತಡವಾಗಿ ಹುಟ್ಟಿದ ಅವಳಿ. ಹಾಗಾದರೆ ತೀರಿಹೋದ ಯಜಮಾನರ ತದ್ರೂಪಿಗೆ ಆರು ವರ್ಷವಾದಾಗ ಮನೆಯಲ್ಲಿ ಏನಾಗುತ್ತದೆ?

"ಅತ್ತೆ, ಇವನ್ನ ಮಾವ ಅನ್ನಲಾ, ಮಾಣಿ ಅನ್ನಲಾ?"
"ಮೂಗು ಒರೆಸೋ ತನಕ ಮಾಣಿ ಅನ್ನು."
"ಆಮೇಲೆ?"
"ಪಹಣಿ ಯಾರ ಹೆಸರಿಗೆ ಆಗುತ್ತೋ ನೋಡುವ."

ಇಲ್ಲಿಗೆ ನಿಲ್ಲಿಸಿ. ಹಿಸ್ಸೆಯ ಕಾನೂನು ವಿವರಿಸಲು ಹೊರಟರೆ ಅತ್ತೆಯ ಮಾತು ಸಪ್ಪೆಯಾಗುತ್ತದೆ.

ಮಂಗಳದ ಅಧ್ಯಾಯಗಳಿಗೆ ಪಕ್ಕದಲ್ಲೊಂದು ಲೆಕ್ಕದ ಪುಸ್ತಕ ಇಟ್ಟುಕೊಳ್ಳಿ. ಅಲ್ಲಿನ ಗುರುತ್ವ ಇಲ್ಲಿಯದರ ಶೇ. 38. ಅಡಿಕೆ ಕೊನೆ ಕೊಯ್ಯುವವನು 15 ಮೀಟರ್ ಮರದಿಂದ ಜಾರಿದರೆ ಭೂಮಿಯಲ್ಲಿ 1.7 ಸೆಕೆಂಡಿನಲ್ಲಿ ನೆಲ ಸೇರುತ್ತಾನೆ, ಅಲ್ಲಿ 2.8 ಸೆಕೆಂಡು. ಒಂದು ಬೈಗುಳಕ್ಕೆ ಧಾರಾಳವಾಗಿ ಸಾಕು. ಆದರೆ ನೆಲ ಮುಟ್ಟುವಾಗಿನ ವೇಗ ಗಂಟೆಗೆ 38 ಕಿ.ಮೀ. ಇರುವುದರಿಂದ ಕಾಲು ಮುರಿಯದೆ ಇರುವುದಿಲ್ಲ. ಹಾಸ್ಯಕ್ಕೆಂದು ಅವನನ್ನು ಹತ್ತಿಯಂತೆ ತೇಲಿಸಬೇಡಿ.

ಅಲ್ಲಿ ಜನ ವಾಸಿಸುವ ಮುಚ್ಚಿದ ಗುಮ್ಮಟದೊಳಗೆ ಗಾಳಿಯ ಒತ್ತಡವನ್ನು ನಮ್ಮದರ ಅರ್ಧಕ್ಕೆ ಇಟ್ಟರೆ ನೀರು ಸುಮಾರು 81 ಡಿಗ್ರಿಗೇ ಕುದಿಯುತ್ತದೆ. ಹಂಡೆ ಕೊತಕೊತ ಅನ್ನುತ್ತಿದ್ದರೂ ಒಳಗಿನ ಅಡಿಕೆ ಬೇಗ ಬೇಯುವುದಿಲ್ಲ. ಬೇಯಿಸುವವನು ನೀರನ್ನು ಬಯ್ಯಲಿ, ಅಡಿಕೆಯನ್ನು ಬಯ್ಯಲಿ, ಕೊನೆಗೆ ಹಂಡೆಗೇ ಸೀಟಿ ಕೂರಿಸಲಿ. ಮಣ್ಣು ಜಂಬಿಟ್ಟಿಗೆಯ ಹಾಗೆ ಕೆಂಪು, ಎರಡರಲ್ಲೂ ಕಬ್ಬಿಣದ ತುಕ್ಕೇ. ಆದರೆ ಮಂಗಳದ್ದರಲ್ಲಿ ಪರ್‌ಕ್ಲೋರೇಟ್ ಎಂಬ ವಿಷದ ಲವಣವಿದೆ, ತೊಳೆಯದೆ ಗಿಡ ನೆಡುವಂತಿಲ್ಲ. ಮಳೆಯೇ ಇಲ್ಲದ ಗುಮ್ಮಟದಲ್ಲಿ, ಮಳೆಗಾಲದಲ್ಲಿ ಅಡಿಕೆಗೆ ತಗಲುವ ಕೊಳೆರೋಗದ ಭಯಕ್ಕೆ ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಹಾಕಿ ಬೋರ್ಡೋ ದ್ರಾವಣ ಹೊಡೆಯುವ ಹಿರಿಯರೊಬ್ಬರಿದ್ದರೆ ಅವರನ್ನು ಪ್ರೀತಿಯಿಂದ ಬರೆಯಿರಿ. ಮೂವತ್ತು ಮಳೆಗಾಲದ ರೂಢಿ ಅದು.

ಮಾತುಕತೆ ಬರೆಯುವಾಗ ಗಡಿಯಾರ ಮರೆಯಬೇಡಿ. ಭೂಮಿ, ಮಂಗಳದ ನಡುವೆ ಸಂದೇಶ ಒಂದು ಕಡೆಗೆ ತಲುಪಲು 3ರಿಂದ 22 ನಿಮಿಷ ಬೇಕು. "ಊಟ ಆಯ್ತಾ ಭಾವ?" ಎಂದು ಕೇಳಿದವನಿಗೆ ಉತ್ತರ ಬರುವಷ್ಟರಲ್ಲಿ ಅವನದೇ ಊಟ, ಎಲೆ ಅಡಿಕೆಯ ಕವಳ ಎರಡೂ ಮುಗಿದಿರುತ್ತದೆ. ವೇಷವಿಲ್ಲದೆ ಕೂತು ಮಾತಿನಲ್ಲೇ ಆಡುವ ತಾಳಮದ್ದಳೆಯ ಇಬ್ಬರು ಅರ್ಥಧಾರಿಗಳಲ್ಲಿ ಒಬ್ಬ ಅಲ್ಲಿದ್ದರೆ ಅವರ ವಾದಕ್ಕೆ ಒಂದು ರಾತ್ರಿ ಸಾಲದು. ಈ ದೃಶ್ಯಕ್ಕೆ ಇಡೀ ಅಧ್ಯಾಯ ಕೊಡಿ.

ಪಂಚಾಂಗವೂ ಬೇಕು. ಮಂಗಳದ ವರ್ಷ ನಮ್ಮ 687 ದಿನ. ಅಲ್ಲಿನ ಲೆಕ್ಕದಲ್ಲಿ ಎಂಟು ತುಂಬಿ ಉಪನಯನಕ್ಕೆ ಕೂತ ಮಾಣಿಗೆ ಇಲ್ಲಿಯ ಹದಿನೈದು, ಮೀಸೆ ಚಿಗುರಿರುತ್ತದೆ. ನೌಕೆ ಹೊರಡಲು ಸರಿಯಾದ ಹೊತ್ತು 26 ತಿಂಗಳಿಗೊಮ್ಮೆ ಬರುತ್ತದೆ, ಪ್ರಯಾಣ ಸುಮಾರು ಏಳು ತಿಂಗಳು. ಮಿಡಿ ಉಪ್ಪಿನಕಾಯಿಯ ಭರಣಿ ಮರೆತು ಬಂದರೆ ಎಷ್ಟು ಕಾಯಬೇಕೆಂದು ಲೆಕ್ಕ ಹಾಕಿ, ಆ ಲೆಕ್ಕದ ಮೇಲೆ ಜಗಳ ಕಟ್ಟಿ.

ಅದಲು ಬದಲಿನ ಗೊಂದಲ ಎರಡು ಸಲಕ್ಕಿಂತ ಹೆಚ್ಚು ಬೇಡ, ಮೂರನೆಯದಕ್ಕೆ ಓದುಗ ಮುಂದೇ ಊಹಿಸುತ್ತಾನೆ. ಮೂವರನ್ನು ಮುಖದಿಂದ ಬೇರೆ ಮಾಡಲಾಗದು, ಮಾತಿನಿಂದ ಮಾಡಿ: ಒಬ್ಬ ಸಾಗರದಲ್ಲಿ, ಒಬ್ಬ ಬೆಂಗಳೂರಿನಲ್ಲಿ, ಒಬ್ಬ ಗುಮ್ಮಟದಲ್ಲೇ ಬೆಳೆದವನಾಗಲಿ. ಗುಮ್ಮಟದವನಿಗೆ ಮಳೆ ಅಂದರೆ ಕೇಳಿದ ಕತೆ ಮಾತ್ರ.

ಕರಡು ಮುಗಿದ ಮೇಲೆ ಅಡಿಕೆ ಸುಲಿಯುವ ರಾತ್ರಿ ಚಪ್ಪರದಲ್ಲಿ ಕೂತು ಗಟ್ಟಿಯಾಗಿ ಓದಿ. ನಕ್ಕ ಕಡೆ ಪೆನ್ಸಿಲಿನ ಗೀಟು ಹಾಕಿ. "ಎಂತ ಅಂದ್ರಿ?" ಎಂದು ಯಾರಾದರೂ ಕತ್ತಿ ನಿಲ್ಲಿಸಿ ಕೇಳಿದರೆ ತಪ್ಪು ಆ ವಾಕ್ಯದಲ್ಲಿಲ್ಲ, ಅದಕ್ಕಿಂತ ಒಂದು ಪುಟ ಹಿಂದೆ ಹೇಳಬೇಕಾದ ನಿಯಮ ಹೇಳದೆ ಬಿಟ್ಟಿದ್ದೀರಿ. ಅಲ್ಲಿಗೆ ಹೋಗಿ ತಿದ್ದಿ.