30 ವರ್ಷದ ಬಾಂಡನ್ನು ನಾನು ಬಡ್ಡಿಗಾಗಿ ಇಟ್ಟುಕೊಂಡಿಲ್ಲ

ನನ್ನ ಹೂಡಿಕೆಯಲ್ಲಿ ಐದನೇ ಒಂದು ಭಾಗ ದೀರ್ಘಾವಧಿಯ ಸರ್ಕಾರಿ ಬಾಂಡ್‌ಗಳಲ್ಲಿದೆ. ಅವಧಿ ಮುಗಿಯಲು ಇನ್ನೂ 20ರಿಂದ 30 ವರ್ಷ ಬಾಕಿ ಇರುವಂಥವು. ಅರ್ಧ ಷೇರುಗಳು, ಶೇ 15 ಚಿನ್ನ, ಮಿಕ್ಕ ಶೇ 15 ವರ್ಷದೊಳಗೆ ಹಣ ಕೈಗೆ ಬರುವ ಸರ್ಕಾರಿ ಸಾಲಪತ್ರಗಳು, ಅಂದರೆ ಟ್ರೆಷರಿ ಬಿಲ್ಲುಗಳು. ಇದನ್ನು ಹೇಳಿದಾಗೆಲ್ಲ ಎರಡು ಪ್ರಶ್ನೆ ತಪ್ಪದೇ ಬರುತ್ತವೆ. "ಅಷ್ಟು ವರ್ಷ ಯಾರು ಕಾಯ್ತಾರೆ?" ಅನ್ನುವುದು ಒಂದು. "2022ರಲ್ಲಿ ಏನಾಯ್ತು ಅಂತ ನೋಡಿದ್ರಲ್ಲ?" ಅನ್ನುವುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ ಸುಲಭ. ನಾನು ಕಾಯುವುದೇ ಇಲ್ಲ. ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುವ ಯೋಚನೆ ನನಗಿಲ್ಲ. ಬಡ್ಡಿಯೂ ಮುಖ್ಯವಲ್ಲ. ನನಗೆ ಬೇಕಾಗಿರುವುದು ಈ ಬಾಂಡಿನ ಬೆಲೆ ಜೋರಾಗಿ ಮೇಲೆ ಕೆಳಗೆ ಆಗುವ ಗುಣ.

ಕೊಳ್ಳುವ ಮೊದಲು ಕೂತು ಲೆಕ್ಕ ಹಾಕಿದ್ದು ಇದನ್ನೇ. ಮುಖಬೆಲೆ 100, ವರ್ಷಕ್ಕೆ ಶೇ 3 ಕೂಪನ್ (ಬಾಂಡ್ ಕೊಡುವ ನಿಗದಿತ ಬಡ್ಡಿ), ಅವಧಿ 30 ವರ್ಷ ಅಂದುಕೊಳ್ಳಿ. ಮಾರುಕಟ್ಟೆಯ ಯೀಲ್ಡ್ (ಇವತ್ತಿನ ಬೆಲೆಗೆ ಕೊಂಡವರಿಗೆ ವರ್ಷಕ್ಕೆ ಸಿಗುವ ಆದಾಯದ ದರ) ಕೂಡ ಶೇ 3 ಇದ್ದರೆ ಬೆಲೆ ಸರಿಯಾಗಿ 100. ಯೀಲ್ಡ್ ಶೇ 4ಕ್ಕೆ ಏರಿದರೆ ಬೆಲೆ ಸುಮಾರು 82.7ಕ್ಕೆ ಇಳಿಯುತ್ತದೆ. ಶೇ 2ಕ್ಕೆ ಇಳಿದರೆ ಸುಮಾರು 122.4ಕ್ಕೆ ಏರುತ್ತದೆ. ಅದೇ ಕೂಪನ್ನಿನ 2 ವರ್ಷದ ಬಾಂಡ್ ಆಗಿದ್ದರೆ 98.1 ಅಥವಾ 101.9, ಅಷ್ಟೇ. ಉದ್ದ ಕೋಲಿನ ಹಾಗೆ ಇದು. ಹಿಡಿದ ಕೈ ಸ್ವಲ್ಪ ಅಲುಗಿದರೂ ತುದಿ ಎಷ್ಟೋ ದೂರ ಹೋಗುತ್ತದೆ.

ಈ ಅಂಕಿಗಳಲ್ಲಿ ಇನ್ನೊಂದು ವಿಷಯ ಇದೆ. ಯೀಲ್ಡ್ ಒಂದು ಶೇಕಡಾ ಇಳಿದರೆ ಲಾಭ 22.4, ಒಂದು ಶೇಕಡಾ ಏರಿದರೆ ನಷ್ಟ 17.3. ಎರಡೂ ಸಮ ಅಲ್ಲ. ಇದಕ್ಕೆ ಕಾನ್ವೆಕ್ಸಿಟಿ ಎನ್ನುತ್ತಾರೆ. ಅವಧಿ ಉದ್ದ ಆದಷ್ಟೂ ಈ ವ್ಯತ್ಯಾಸ ಜಾಸ್ತಿ. ಕೂಪನ್ನೇ ಇಲ್ಲದ ಬಾಂಡ್‌ಗಳಲ್ಲಿ ಇನ್ನೂ ಜಾಸ್ತಿ. ಶೇ 3 ಯೀಲ್ಡಿನಲ್ಲಿ 41.2ಕ್ಕೆ ಸಿಗುವ 30 ವರ್ಷದ ಜೀರೊ ಕೂಪನ್ ಬಾಂಡ್, ಯೀಲ್ಡ್ ಶೇ 2 ಆದರೆ 55.2 ಆಗುತ್ತದೆ. ಅಂದರೆ ಶೇ 34 ಏರಿಕೆ. ಶೇ 4 ಆದರೆ ಕಾಲುಭಾಗ ಹೋಗುತ್ತದೆ. ನಾನು ಅದನ್ನು ಮುಟ್ಟಿಲ್ಲ. ಕೂಪನ್ ಬರುವ ಬಾಂಡಿನ ಕುಣಿತವೇ ನನಗೆ ಸಾಕಷ್ಟಾಯಿತು.

ಇಷ್ಟು ಕುಣಿಯುವುದನ್ನು ಯಾಕೆ ಇಟ್ಟುಕೊಳ್ಳಬೇಕು? ಕಾರಣ ಷೇರುಗಳು. ಆರ್ಥಿಕ ಹಿಂಜರಿತ ಬಂದಾಗ ಕಂಪನಿಗಳ ಲಾಭ ಕುಸಿಯುತ್ತದೆ, ಷೇರು ಬೀಳುತ್ತದೆ. ಅದೇ ಹೊತ್ತಿಗೆ ಕೇಂದ್ರೀಯ ಬ್ಯಾಂಕ್ ಬಡ್ಡಿ ದರ ಇಳಿಸುತ್ತದೆ, ಹೆದರಿದವರೆಲ್ಲ ಸರ್ಕಾರಿ ಬಾಂಡ್ ಕಡೆ ಓಡುತ್ತಾರೆ, ಯೀಲ್ಡ್ ಇಳಿಯುತ್ತದೆ. ಆಗ ನನ್ನ ಕೈಯಲ್ಲಿರುವ ಬಾಂಡ್ ಶೇ 2 ಏರಿದರೆ ಏನೂ ಪ್ರಯೋಜನ ಇಲ್ಲ. ಶೇ 20 ಏರಬೇಕು.

2008ರ ಅಮೆರಿಕದ ಅಂಕಿಗಳನ್ನು ನನ್ನ ಪಾಲುಗಳಿಗೆ ಹಾಕಿ ನೋಡಿದ್ದೆ. ಆ ವರ್ಷ ಅಲ್ಲಿನ ದೊಡ್ಡ ಕಂಪನಿಗಳ ಷೇರು ಸೂಚ್ಯಂಕ ಎಸ್ ಆಂಡ್ ಪಿ 500 ಡಿವಿಡೆಂಡ್ ಸೇರಿಸಿಯೂ ಶೇ 37 ಬಿತ್ತು. ದೀರ್ಘಾವಧಿಯ ಟ್ರೆಷರಿ ಬಾಂಡ್‌ಗಳು, ಅಂದರೆ ಅಲ್ಲಿನ ಸರ್ಕಾರಿ ಬಾಂಡ್‌ಗಳು, ಸುಮಾರು ಕಾಲುಭಾಗ ಏರಿದವು. ಚಿನ್ನ ಅಲ್ಪಸ್ವಲ್ಪ ಮೇಲಕ್ಕೆ ಹೋಯಿತು. ವರ್ಷದ ಮೊದಲಿಗೆ ಒಟ್ಟು 100 ಇದ್ದರೆ, ಷೇರಿನ 50 ಕರಗಿ 31.5 ಆಗುತ್ತದೆ. ಬಾಂಡಿನ 20 ಬೆಳೆದು 25 ಆಗುತ್ತದೆ. ಒಟ್ಟು 87ರ ಆಸುಪಾಸು. ಷೇರು ಮಾತ್ರ ಇಟ್ಟವರ 100 ಆಗ 63.

ಆದರೆ ನನಗೆ ಆಸಕ್ತಿ ಇರುವುದು ಈ 87ರ ಬಗ್ಗೆ ಅಲ್ಲ, ಅದರೊಳಗಿನ 25ರ ಬಗ್ಗೆ. ಒಟ್ಟಿನಲ್ಲಿ ಅದು ಶೇ 28 ದಾಟಿರುತ್ತದೆ. ನನ್ನ ನಿಯಮ ಏನೆಂದರೆ, ಬಾಂಡಿನ ಪಾಲು ಶೇ 25 ದಾಟಿದರೆ ಅಥವಾ ಶೇ 15ಕ್ಕಿಂತ ಕೆಳಗಿಳಿದರೆ ಮತ್ತೆ 20ಕ್ಕೆ ತರಬೇಕು. ಅಂದರೆ ಏರಿದ ಬಾಂಡಿನಲ್ಲಿ 7ಕ್ಕಿಂತ ಜಾಸ್ತಿ ಮಾರಿ, ನೆಲ ಕಚ್ಚಿದ ಷೇರುಗಳನ್ನು ಕೊಳ್ಳಬೇಕು. ಎಲ್ಲರ ಹತ್ತಿರವೂ ಹಣ ಖಾಲಿಯಾದ ಹೊತ್ತಿನಲ್ಲಿ ಕೊಳ್ಳಲು ಹಣ ಇರುವುದು. ದೀರ್ಘಾವಧಿ ಬಾಂಡ್ ನನಗೆ ಮಾಡಿಕೊಡಬೇಕಾದ ಕೆಲಸ ಇದೊಂದೇ. ಸುಮ್ನೆ ಇಟ್ಟುಕೊಂಡು, ಹೀಗೆ ಪಾಲುಗಳನ್ನು ಮೊದಲಿನ ಅಳತೆಗೆ ತರುವ ರೀಬ್ಯಾಲೆನ್ಸ್ ಮಾಡದೇ ಕೂತರೆ, ಏರಿದ್ದು ಮತ್ತೆ ಇಳಿಯುವುದನ್ನು ನೋಡುತ್ತಾ ಇರಬೇಕಾಗುತ್ತದೆ ಅಷ್ಟೇ.

ಶೇ 20 ಅನ್ನುವ ಅಂಕಿ ಎಲ್ಲಿಂದ ಬಂತು ಅಂತ ಕೇಳಬಹುದು. ಡ್ಯುರೇಷನ್‌ನಿಂದ ಬಂತು. ಯೀಲ್ಡ್ ಒಂದು ಶೇಕಡಾ ಬದಲಾದರೆ ಬೆಲೆ ಹೆಚ್ಚೂ ಕಡಿಮೆ ಎಷ್ಟು ಶೇಕಡಾ ಬದಲಾಗುತ್ತದೆ ಎಂದು ಹೇಳುವ ಅಂಕಿ ಅದು. ಶೇ 3 ಯೀಲ್ಡಿನಲ್ಲಿ 30 ವರ್ಷದ ಬಾಂಡಿಗೆ ಸುಮಾರು 19.6, 10 ವರ್ಷದ್ದಕ್ಕೆ ಸುಮಾರು 8.5. ನಾನು ಪಾಲನ್ನು ಡ್ಯುರೇಷನ್‌ನಿಂದ ಗುಣಿಸುತ್ತೇನೆ. ಶೇ 20 ಪಾಲಿಗೆ 19.6 ಅಂದರೆ ಒಟ್ಟು ಹೂಡಿಕೆಗೆ ಸುಮಾರು 3.9. ಇದೇ ಪರಿಣಾಮ 10 ವರ್ಷದ ಬಾಂಡಿನಿಂದ ಬೇಕಾದರೆ ಶೇ 46ರಷ್ಟು ಹಣ ಅಲ್ಲೇ ಹಾಕಬೇಕು. ಆಗ ಷೇರಿಗೆ, ಚಿನ್ನಕ್ಕೆ ಜಾಗ ಎಲ್ಲಿ ಉಳಿಯುತ್ತದೆ? ಒಂದು ತುದಿಯಲ್ಲಿ ಅಲ್ಲಾಡದ ಟ್ರೆಷರಿ ಬಿಲ್, ಇನ್ನೊಂದು ತುದಿಯಲ್ಲಿ ಕುಣಿಯುವ ಉದ್ದ ಬಾಂಡ್, ಮಧ್ಯದಲ್ಲಿ ಏನೂ ಇಲ್ಲ. ಇದಕ್ಕೆ ಬಾರ್‌ಬೆಲ್ ಎನ್ನುವ ಹೆಸರೇ ಇದೆ.

ಒಂದು ಎಚ್ಚರಿಕೆ. ಕೇಂದ್ರೀಯ ಬ್ಯಾಂಕ್ ದರ ಇಳಿಸಿದ ಮಾತ್ರಕ್ಕೆ ಉದ್ದ ಬಾಂಡಿನ ಯೀಲ್ಡ್ ಇಳಿಯಲೇಬೇಕೆಂದಿಲ್ಲ. 2024ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಅಮೆರಿಕದ ಕೇಂದ್ರೀಯ ಬ್ಯಾಂಕ್ ಫೆಡರಲ್ ರಿಸರ್ವ್ ಒಟ್ಟು ಒಂದು ಶೇಕಡಾ ದರ ಇಳಿಸಿತು. 30 ವರ್ಷದ ಯೀಲ್ಡ್ ಮಾತ್ರ ಏರುತ್ತಾ ಹೋಯಿತು. ಹಣದುಬ್ಬರ ಮತ್ತೆ ಬರಬಹುದು, ಸರ್ಕಾರ ಇನ್ನೂ ಸಾಲ ಮಾಡಬಹುದು ಎಂಬ ಅಂದಾಜೆಲ್ಲ ಈ ಯೀಲ್ಡಿನಲ್ಲಿ ಸೇರಿರುತ್ತದೆ. "ದರ ಇಳಿಸ್ತಾರಂತೆ, ಉದ್ದ ಬಾಂಡ್ ತಗೊಳ್ಳೋಣ" ಅಂತ ಹೊರಡುವವರನ್ನು ಕಂಡರೆ ನನಗೆ ಅದಕ್ಕೇ ಸ್ವಲ್ಪ ಭಯ.

ಈಗ 2022. ಆ ವರ್ಷ ಜೂನ್‌ನಲ್ಲಿ ಅಮೆರಿಕದ ಹಣದುಬ್ಬರ ಶೇ 9.1 ಮುಟ್ಟಿತು. ಮಾರ್ಚ್ ಮೊದಲಿಗೆ ಸೊನ್ನೆಯ ಹತ್ತಿರ ಇದ್ದ ಫೆಡರಲ್ ರಿಸರ್ವ್‌ನ ಬಡ್ಡಿ ದರ ಡಿಸೆಂಬರ್ ಹೊತ್ತಿಗೆ ಶೇ 4.25ರಿಂದ 4.5ಕ್ಕೆ ಬಂತು. ದೀರ್ಘಾವಧಿ ಟ್ರೆಷರಿ ಬಾಂಡ್‌ಗಳು ಬಡ್ಡಿ ಸೇರಿಸಿಯೂ ಶೇ 30ರ ಆಸುಪಾಸು ಬಿದ್ದವು. ಷೇರು ಶೇ 18 ಬಿತ್ತು. ಬಾಂಡ್ ಷೇರಿಗಿಂತ ಜಾಸ್ತಿ ಬಿದ್ದ ವರ್ಷ ಅದು.

ಇದನ್ನೂ ನನ್ನ ಪಾಲುಗಳಿಗೆ ಹಾಕಿ. ಷೇರಿನ 50 ಹೋಗಿ 41, ಬಾಂಡಿನ 20 ಹೋಗಿ 14, ಚಿನ್ನ ಹೆಚ್ಚೂ ಕಡಿಮೆ ಇದ್ದಲ್ಲೇ 15, ಬಿಲ್ 15. ಒಟ್ಟು 85. ಇಲ್ಲಿ ಬಾಂಡಿನ ಪಾಲು ಎಷ್ಟು ನೋಡಿ, ಶೇ 16.5. ನನ್ನ ಕೆಳಗಿನ ಗೆರೆ 15. ಅಂದರೆ ನಿಯಮದ ಪ್ರಕಾರ ಮಾಡಬೇಕಾದ್ದು ಏನೂ ಇಲ್ಲ! ಎಲ್ಲವೂ ಒಟ್ಟಿಗೆ ಬಿದ್ದಾಗ ಪಾಲುಗಳು ಅಷ್ಟಾಗಿ ಬದಲಾಗುವುದಿಲ್ಲ. ಅಂಥ ವರ್ಷದಲ್ಲಿ ರೀಬ್ಯಾಲೆನ್ಸಿಂಗ್‌ನಿಂದ ಸಹಾಯ ಸಿಗುವುದಿಲ್ಲ. ನಾನು ಮಾಡಿದ್ದು ಬಂದ ಕೂಪನ್ ಹಣವನ್ನೆಲ್ಲ ಹಿಂದೆ ಬಿದ್ದ ಬಾಂಡಿಗೇ ಹಾಕಿದ್ದು. ಮಾರಲಿಲ್ಲ.

ಮಾರದಿರುವುದಕ್ಕೆ ಕಾರಣ ಹಟ ಅಲ್ಲ, ಇನ್ನೊಂದು ಲೆಕ್ಕ. 30 ವರ್ಷದ ಯೀಲ್ಡ್ ಶೇ 1.9 ಇದ್ದಾಗ ಡ್ಯುರೇಷನ್ ಸುಮಾರು 22.7. ಯೀಲ್ಡನ್ನು ಡ್ಯುರೇಷನ್‌ನಿಂದ ಭಾಗಿಸಿದರೆ 0.08. ಅಂದರೆ ಯೀಲ್ಡ್ ಬರೀ 0.08 ಶೇಕಡಾ ಏರಿದರೂ ಇಡೀ ವರ್ಷದ ಬಡ್ಡಿ ಬೆಲೆಯ ಇಳಿಕೆಯಲ್ಲಿ ಕೊಚ್ಚಿಹೋಗುತ್ತದೆ. 2021ರ ಕೊನೆಗೆ ಅಮೆರಿಕದ ಸ್ಥಿತಿ ಇದೇ ಆಗಿತ್ತು. ವರ್ಷದ ನಂತರ ಯೀಲ್ಡ್ ಶೇ 4ರ ಹತ್ತಿರ ಬಂದಿತ್ತು. ಅಲ್ಲಿ ಡ್ಯುರೇಷನ್ 17.3, ಭಾಗಿಸಿದರೆ 0.23. ಇದೂ ದೊಡ್ಡ ರಕ್ಷಣೆ ಏನಲ್ಲ, ಆದರೆ ಮೊದಲಿನ ಸುಮಾರು ಮೂರು ಪಟ್ಟು. ಜೊತೆಗೆ, ಯೀಲ್ಡ್ ಶೇ 4 ಇದ್ದಾಗ ಕೆಳಗಿಳಿಯಲು ಜಾಗ ಇರುತ್ತದೆ, ಒಂದೂವರೆ ಇದ್ದಾಗ ಇರುವುದಿಲ್ಲ. ರಕ್ಷಣೆ ಕೊಡುವ ಶಕ್ತಿ ವಾಪಸ್ ಬಂದ ಮೇಲೆ ಮಾರುವುದು ನನಗೆ ತಲೆಬುಡವಿಲ್ಲದ ಮಾತು ಅನ್ನಿಸಿತು. ಈ ಭಾಗಾಕಾರವನ್ನು ಈಗಲೂ ಪ್ರತಿ ಸಲ ಕೊಳ್ಳುವ ಮೊದಲು ಮಾಡುತ್ತೇನೆ. ಉತ್ತರ 0.1ಕ್ಕಿಂತ ಕಡಿಮೆ ಬಂದರೆ ಪಾಲನ್ನು 15ರ ಗೆರೆಯ ಹತ್ತಿರವೇ ಬಿಟ್ಟುಬಿಡುತ್ತೇನೆ.

ಹಣದುಬ್ಬರಕ್ಕೆ ಹೊಂದಿಕೊಳ್ಳುವ ಬಾಂಡ್ ಇಟ್ಟಿದ್ದರೆ ಪಾರಾಗುತ್ತಿದ್ದಿರಲ್ವಾ ಅಂತ ಕೆಲವರು ಹೇಳುತ್ತಾರೆ. ಇಲ್ಲ. ಅವಧಿ ಉದ್ದ ಇದ್ದ ಅಂಥ ಬಾಂಡ್‌ಗಳೂ ಆ ವರ್ಷ ಜೋರಾಗಿ ಬಿದ್ದವು. ಹಣದುಬ್ಬರ ಕಳೆದು ಉಳಿಯುವ ಯೀಲ್ಡ್ ಕೂಡ ಏರಿತ್ತಲ್ಲ. ಡ್ಯುರೇಷನ್ ಯಾವ ಹೆಸರಿನಲ್ಲಿ ಬಂದರೂ ಡ್ಯುರೇಷನ್ನೇ.

ಆ ವರ್ಷ ನಿಜವಾಗಿ ಪೆಟ್ಟು ತಿಂದವರು ಉದ್ದ ಬಾಂಡ್ ಇಟ್ಟವರಿಗಿಂತ ಅದನ್ನು ಸಾಲದ ಮೇಲೆ ಅಥವಾ ತಪ್ಪಾದ ಹಣದಲ್ಲಿ ಇಟ್ಟವರು. ಬ್ರಿಟನ್ನಿನಲ್ಲಿ 2022ರ ಸೆಪ್ಟೆಂಬರ್ 23ರ ಬಜೆಟ್ ಘೋಷಣೆಯ ನಂತರ ಯೀಲ್ಡ್ ಜಿಗಿಯಿತು. ಸಾಲದ ಬಲದಿಂದ ಉದ್ದ ಬಾಂಡುಗಳನ್ನು ಇಟ್ಟುಕೊಂಡಿದ್ದ ಪಿಂಚಣಿ ನಿಧಿಗಳಿಗೆ ಮಾರ್ಜಿನ್, ಅಂದರೆ ಆ ಸಾಲಕ್ಕೆ ಹೆಚ್ಚುವರಿ ಭದ್ರತೆ, ಕಟ್ಟಲು ಹಣ ಬೇಕಾಯಿತು. ಅವು ಬಾಂಡ್ ಮಾರಿದವು, ಅದರಿಂದ ಬೆಲೆ ಇನ್ನೂ ಬಿತ್ತು. 28ರಂದು ಬ್ಯಾಂಕ್ ಆಫ್ ಇಂಗ್ಲೆಂಡ್ ತಾನೇ ಕೊಳ್ಳಲು ಇಳಿಯಬೇಕಾಯಿತು. 2023ರ ಮಾರ್ಚ್‌ನಲ್ಲಿ ಮುಳುಗಿದ ಸಿಲಿಕಾನ್ ವ್ಯಾಲಿ ಬ್ಯಾಂಕಿನ ಕಥೆಯೂ ಹತ್ತಿರದ್ದೇ. ಯಾವಾಗ ಬೇಕಾದರೂ ವಾಪಸ್ ಕೇಳಬಹುದಾದ ಠೇವಣಿಯ ಹಣವನ್ನು ದೀರ್ಘಾವಧಿಯ ಸಾಲಪತ್ರಗಳಲ್ಲಿ ಹಾಕಿತ್ತು.

ಯಾವ ಸರ್ಕಾರದ ಬಾಂಡ್ ಅನ್ನುವುದರಲ್ಲಿ ನನಗೆ ಜಾಸ್ತಿ ಯೋಚನೆ ಬೇಕಾಗಲಿಲ್ಲ. ನಾನು ಯಾವ ಕರೆನ್ಸಿಯಲ್ಲಿ ಖರ್ಚು ಮಾಡುತ್ತೇನೋ ಅದೇ ಕರೆನ್ಸಿ, ಅದನ್ನು ತಾನೇ ಮುದ್ರಿಸುವ ಸರ್ಕಾರ. ಹೊರಗಿನ ಬಾಂಡಾದರೆ ಕರೆನ್ಸಿಯ ಏರಿಳಿತವೇ ಬಾಂಡಿನ ಏರಿಳಿತವನ್ನು ನುಂಗಿಹಾಕುತ್ತದೆ. ತಾನು ಮುದ್ರಿಸದ ಹಣದಲ್ಲಿ ಸಾಲ ಮಾಡಿದ ಸರ್ಕಾರ ಕೈಚೆಲ್ಲಬಹುದು. 2012ರಲ್ಲಿ ಗ್ರೀಸ್‌ನ ಬಾಂಡ್ ಇಟ್ಟಿದ್ದ ಖಾಸಗಿ ಹೂಡಿಕೆದಾರರು ಮುಖಬೆಲೆಯಲ್ಲೇ ಶೇ 53.5 ಬಿಟ್ಟುಕೊಡಬೇಕಾಯಿತು. ಸ್ವಂತ ಹಣ ಮುದ್ರಿಸುವ ಸರ್ಕಾರ ಹಾಗೆ ಮಾಡಬೇಕಿಲ್ಲ, ಆದರೆ ಆ ಹಣದ ಬೆಲೆ ಇಳಿಯಬಹುದು. ಚಿನ್ನ ಇಟ್ಟಿರುವುದು ಅದಕ್ಕೇ.

ಫಂಡ್ ಕೊಳ್ಳುವುದೋ ಬಾಂಡ್ ಕೊಳ್ಳುವುದೋ? ಫಂಡ್ ತಾನೇ ಹಳೆಯದನ್ನು ಮಾರಿ ಹೊಸದನ್ನು ಕೊಳ್ಳುತ್ತಾ ಅವಧಿಯನ್ನು ಉದ್ದವಾಗೇ ಇಡುತ್ತದೆ, ಅದಕ್ಕೆ ವರ್ಷವರ್ಷವೂ ಶುಲ್ಕ ತೆಗೆದುಕೊಳ್ಳುತ್ತದೆ. ನಾನು ಬಾಂಡನ್ನೇ ಕೊಳ್ಳುತ್ತೇನೆ. ಇದರಲ್ಲಿ ಒಂದು ಕೆಲಸ ಇದೆ, ಬಾಂಡಿಗೆ ವಯಸ್ಸಾಗುತ್ತದೆ. 30 ವರ್ಷದ್ದು 10 ವರ್ಷ ಕಳೆದರೆ 20 ವರ್ಷದ್ದಾಗುತ್ತದೆ, ಡ್ಯುರೇಷನ್ ಕಡಿಮೆಯಾಗುತ್ತದೆ. ಬಾಕಿ ಅವಧಿ 20 ವರ್ಷಕ್ಕಿಂತ ಕಡಿಮೆಯಾದದ್ದನ್ನು ಮಾರಿ ಹೊಸ 30 ವರ್ಷದ್ದನ್ನು ಕೊಳ್ಳುತ್ತೇನೆ. ಮಾರುವ ಬೆಲೆಗೂ ಕೊಳ್ಳುವ ಬೆಲೆಗೂ ನಡುವಿನ ಅಂತರ ಹಳೆಯ, ಕಡಿಮೆ ವ್ಯವಹಾರವಿರುವ ಬಾಂಡ್‌ಗಳಲ್ಲಿ ದೊಡ್ಡದಿರುತ್ತದೆ. ಹಾಗಾಗಿ ಕೊಳ್ಳುವಾಗ ಸಾಧ್ಯವಾದಷ್ಟೂ ಈಚೆಗೆ ಹರಾಜಾದದ್ದನ್ನೇ ಹುಡುಕುತ್ತೇನೆ. ತೆರಿಗೆ ದೇಶದೇಶಕ್ಕೂ ಬೇರೆ. ಮಾರಿ ಕೊಳ್ಳುವ ಮೊದಲು ಅದನ್ನೊಮ್ಮೆ ಲೆಕ್ಕ ಹಾಕಲೇಬೇಕು.

ಇನ್ನೂ ಉದ್ದದ ಬಾಂಡ್‌ಗಳೂ ಇವೆ. ಆಸ್ಟ್ರಿಯಾ 2020ರಲ್ಲಿ ಶೇ 0.85 ಕೂಪನ್ನಿನ 100 ವರ್ಷದ ಬಾಂಡ್ ಹೊರಡಿಸಿತು. ಯೀಲ್ಡ್ ಏರಿದ ಮೇಲೆ ಅದರ ಬೆಲೆ ಅರ್ಧಕ್ಕಿಂತ ಬಹಳ ಕೆಳಗೆ ಬಿತ್ತು. ಬ್ರಿಟನ್ನಿನಲ್ಲಿ 1751ರಲ್ಲಿ ಶುರುವಾದ, ಮುಕ್ತಾಯದ ದಿನವೇ ಇಲ್ಲದ ಕನ್ಸೋಲ್ ಬಾಂಡ್‌ಗಳು 2015ರವರೆಗೂ ಇದ್ದವು. ಓದಲು ಚೆನ್ನಾಗಿದೆ, ನನಗೆ ಬೇಡ.

ಮುಂದಿನ ನಾಲ್ಕೈದು ವರ್ಷಗಳಲ್ಲಿ ಬೇಕಾಗುವ ಹಣ ಇದರಲ್ಲಿ ಒಂದು ಪೈಸೆಯೂ ಇಲ್ಲ. ಅದು ಈ ಪಾಲುಗಳ ಲೆಕ್ಕಕ್ಕೇ ಬರದ ಬೇರೆ ಖಾತೆಯಲ್ಲಿದೆ. ಅರ್ಧ ವರ್ಷಕ್ಕೊಮ್ಮೆ ಕೂಪನ್ ಬಂದ ದಿನ ನಾಲ್ಕೂ ಪಾಲುಗಳನ್ನು ಬರೆದುಕೊಳ್ಳುತ್ತೇನೆ. ಗೆರೆ ದಾಟಿಲ್ಲದಿದ್ದರೆ ಕೂಪನ್ ಹಣ ತೀರಾ ಹಿಂದೆ ಬಿದ್ದದ್ದಕ್ಕೆ ಹೋಗುತ್ತದೆ. ದಾಟಿದ್ದರೆ ಅವತ್ತೇ ಮಾರಿ ಕೊಳ್ಳುವುದನ್ನು ಮುಗಿಸುತ್ತೇನೆ.