ಬೈಕಿಗೆ ಕ್ರೂಸ್ ಕಂಟ್ರೋಲ್ ಕೂರಿಸುವುದು ಹೇಗೆ? ಅದು ಕೈಕೊಟ್ಟರೆ ಏನು ಮಾಡುವುದು?

ತುಮಕೂರು ದಾಟಿ ಶಿರಾ ಕಡೆ ಹೊರಟರೆ ಹೆದ್ದಾರಿ ಉದ್ದಕ್ಕೆ ಮಲಗಿರುತ್ತದೆ. ಮೊದಲ ಒಂದು ಗಂಟೆ ಖುಷಿಯೋ ಖುಷಿ. ಹಿರಿಯೂರು ಬರುವ ಹೊತ್ತಿಗೆ ಬಲಗೈ ಮಣಿಕಟ್ಟು ಜೋಮು ಹಿಡಿಯುತ್ತದೆ. ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುವಾಗ, ಎಡಗೈಯನ್ನೇ ಆಚೆ ಚಾಚಿ ಥ್ರಾಟಲ್ (ಆಕ್ಸಿಲರೇಟರ್ ಹಿಡಿಕೆ) ಹಿಡಿಯೋಣವೇ ಅನ್ನಿಸುತ್ತದೆ. ಹಾಗೆ ಮಾಡಿದವರನ್ನೂ ನೋಡಿದ್ದೇನೆ. ನೀವು ಮಾತ್ರ ಮಾಡಬೇಡಿ.

ಕಾರಿನವರಿಗೆ ಈ ಕಷ್ಟವಿಲ್ಲ. ಕ್ರೂಸ್ ಕಂಟ್ರೋಲ್ ಗುಂಡಿ ಒತ್ತಿದರೆ ಆಕ್ಸಿಲರೇಟರ್ ಒತ್ತದೆಯೇ ವೇಗ ಇದ್ದಷ್ಟೇ ಇರುತ್ತದೆ. ಈಗ ಟಿವಿಎಸ್ ಅಪಾಚೆ ಆರ್‌ಟಿಆರ್ 310ನಂಥ ಕೆಲವು ಬೈಕುಗಳಿಗೂ ಕಂಪನಿಯಿಂದಲೇ ಕ್ರೂಸ್ ಬರುತ್ತಿದೆ. ಇಲ್ಲದ ಬೈಕಿಗೆ ಹೊರಗಿನಿಂದ ಕೂರಿಸಬೇಕು. ನಾನು ನನ್ನ ಎರಡು ಸಿಲಿಂಡರಿನ ಬೈಕಿಗೆ ಕೂರಿಸಿದ್ದೇನೆ. ನಾಲ್ಕು ಭಾನುವಾರ ಹಿಡಿಯಿತು. ಅದರಲ್ಲಿ ಮೂರು ಒಂದೇ ಒಂದು ಬಲ್ಬಿನಿಂದಾಗಿ ಹಾಳಾದವು. ಆ ಕಥೆ ಆಮೇಲೆ.

ಅಂದಹಾಗೆ, ಕ್ರೂಸ್ ಕಂಟ್ರೋಲ್ ಕಂಡುಹಿಡಿದ ರಾಲ್ಫ್ ಟೀಟರ್ ಎಂಬ ಅಮೆರಿಕದ ಎಂಜಿನಿಯರಿಗೆ ಕಣ್ಣು ಕಾಣುತ್ತಿರಲಿಲ್ಲ. ಐದನೇ ವಯಸ್ಸಿಗೇ ದೃಷ್ಟಿ ಹೋಗಿತ್ತು. ಅವರ ವಕೀಲರು ಮಾತಾಡುತ್ತಾ ಕಾರು ಓಡಿಸುವಾಗ ವೇಗ ಇಳಿಯುತ್ತಿತ್ತಂತೆ, ಮಾತು ಕೇಳಿಸಿಕೊಳ್ಳುವಾಗ ಏರುತ್ತಿತ್ತಂತೆ. ಪಕ್ಕದಲ್ಲಿ ಕೂತ ಟೀಟರ್‌ಗೆ ಈ ಎಳೆದಾಟ ಸಾಕಾಗಿ ಹೋಯಿತು ಅನ್ನುವುದು ಕಥೆ. 1950ರಲ್ಲಿ ಪೇಟೆಂಟ್ ಸಿಕ್ಕಿತು. 1958ರಲ್ಲಿ ಕ್ರೈಸ್ಲರ್ ಕಂಪನಿಯ ಇಂಪೀರಿಯಲ್ ಕಾರಿಗೆ ಬಂತು.

ಮೊದಲು ನಿಮ್ಮ ಥ್ರಾಟಲ್ ಯಾವುದು ನೋಡಿ

ಬಲಗೈ ಹಿಡಿಕೆಯಿಂದ ದಪ್ಪ ಕಪ್ಪು ಕೇಬಲ್ ಹೊರಟು ಟ್ಯಾಂಕಿನ ಕೆಳಗೆ ಹೋಗುತ್ತಿದೆಯೇ? ಹಾಗಿದ್ದರೆ ಅದು ಕೇಬಲ್ ಥ್ರಾಟಲ್. ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650, ಹಳೆಯ ಹಿಮಾಲಯನ್ 411 ಈ ಗುಂಪಿನವು. ಕೇಬಲ್ ಇಲ್ಲದೆ ಬರೀ ವೈರು ಹೋಗಿದ್ದರೆ ಅದು ರೈಡ್-ಬೈ-ವೈರ್. ಹಿಮಾಲಯನ್ 450, ಕೆಟಿಎಂ 390 ಅಡ್ವೆಂಚರ್ ಹೀಗೆ.

ವೈರಿನ ಬೈಕಿನವರ ಕೆಲಸ ಸಲೀಸು. ಹಿಡಿಕೆಯ ಸೆನ್ಸರಿಗೂ ಇಸಿಯುಗೂ (ಎಂಜಿನ್ ನಡೆಸುವ ಕಂಪ್ಯೂಟರ್) ನಡುವೆ ಒಂದು ಪುಟ್ಟ ಡಬ್ಬಿ ಕೂರುತ್ತದೆ. ‘ಕೈ ಇಷ್ಟು ತಿರುಗಿದೆ’ ಎಂದು ಅದೇ ಇಸಿಯುಗೆ ಹೇಳುತ್ತಿರುತ್ತದೆ. ನಿಮ್ಮ ಮಾಡೆಲ್‌ಗೇ ಮಾಡಿದ, ಕಪ್ಲರ್‌ಗೆ ಕಪ್ಲರ್ (ವೈರುಗಳ ತುದಿಯ ಪ್ಲಗ್) ಸೇರುವ ಕಿಟ್ ಸಿಕ್ಕರೆ ಮಾತ್ರ ತೆಗೆದುಕೊಳ್ಳಿ. ಆ ವೈರುಗಳನ್ನು ಕತ್ತರಿಸಿ ಬೆಸೆಯುವ ಕಿಟ್ ಬೇಡವೇ ಬೇಡ. ಥ್ರಾಟಲ್ ಸೆನ್ಸರಿನ ಜಾಯಿಂಟ್ ಸಡಿಲವಾದರೆ ಏನಾಗುತ್ತದೆ ಎಂದು ನಡುರಸ್ತೆಯಲ್ಲಿ ಕಲಿಯುವುದು ಬೇಡ ಅಲ್ವಾ?

ಇನ್ನೊಂದು ಅಗ್ಗದ ದಾರಿ ಇದೆ, ಥ್ರಾಟಲ್ ಲಾಕ್. ಹಿಡಿಕೆಗೆ ಬಿಗಿಯುವ ಒಂದು ಕ್ಲಾಂಪ್ ಅಷ್ಟೇ. ಹಿಡಿಕೆ ತಿರುಗಿದಲ್ಲೇ ನಿಲ್ಲುತ್ತದೆ. ಇದನ್ನೂ ಅಂಗಡಿಯಲ್ಲಿ ಕ್ರೂಸ್ ಕಂಟ್ರೋಲ್ ಎಂದೇ ಮಾರುತ್ತಾರೆ, ಆದರೆ ವೇಗ ಎಷ್ಟಿದೆ ಎಂದು ಅದಕ್ಕೆ ಗೊತ್ತೇ ಆಗುವುದಿಲ್ಲ. ಏರಿನಲ್ಲಿ ವೇಗ ಇಳಿಯುತ್ತದೆ, ಇಳಿಜಾರಿನಲ್ಲಿ ಏರುತ್ತದೆ. ಅದಕ್ಕಿಂತ ದೊಡ್ಡ ವಿಷಯ, ಬ್ರೇಕ್ ಹಿಡಿದರೆ ಅದು ಬಿಡುವುದಿಲ್ಲ. ಕೈಯಿಂದಲೇ ಹಿಡಿಕೆ ಹಿಂದೆ ತಿರುಗಿಸಬೇಕು. ನನ್ನ ಹತ್ತಿರವೂ ಒಂದಿತ್ತು. ದಾವಣಗೆರೆ ಹತ್ತಿರ ಒಂದು ಊರಿನ ಕ್ರಾಸಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಲಾಕ್ ಹಾಕಿದ್ದು ಮರೆತೇ ಹೋಗಿತ್ತು. ಬ್ರೇಕ್ ಒತ್ತುತ್ತಿದ್ದೇನೆ, ಎಂಜಿನ್ ಮುಂದಕ್ಕೆ ನೂಕುತ್ತಿದೆ. ಕ್ಲಚ್ ಹಿಡಿದರೆ ಅದು ಕಿರುಚಿಕೊಂಡಿತು. ಎಮ್ಮೆ ನನ್ನನ್ನು ನೋಡಿ ನಿಧಾನವಾಗಿ ನಡೆದುಹೋಯಿತು. ಅವತ್ತಿನಿಂದ ನನ್ನ ಲೆಕ್ಕ ಒಂದೇ: ಕ್ರೂಸ್ ವೇಗವನ್ನು ಎಷ್ಟು ಚೆನ್ನಾಗಿ ಹಿಡಿಯುತ್ತದೆ ಎಂಬುದನ್ನು ಆಮೇಲೆ ನೋಡೋಣ, ಎಷ್ಟು ಬೇಗ ಬಿಡುತ್ತದೆ ಎಂಬುದನ್ನು ಮೊದಲು ನೋಡೋಣ.

ವ್ಯಾಕ್ಯೂಮ್ ಕಿಟ್ ಕೆಲಸ ಮಾಡುವುದು ಹೀಗೆ

ಕೇಬಲ್ ಥ್ರಾಟಲ್ ಬೈಕಿಗೆ ನಾನು ಹೇಳುವುದು ವ್ಯಾಕ್ಯೂಮ್ ಕಿಟ್. ಮೂಲತಃ ಇದು ಕಾರಿಗೆಂದು ಮಾಡಿದ್ದು. ಎಂಜಿನ್ ಓಡುವಾಗ ಥ್ರಾಟಲ್ ಬಾಡಿಯ (ಎಂಜಿನ್ನಿಗೆ ಗಾಳಿ ಬಿಡುವ ಕೊಳವೆ) ಚಿಟ್ಟೆ ಬಾಗಿಲಿಗೂ ಎಂಜಿನ್ನಿಗೂ ನಡುವೆ ಗಾಳಿಯ ಸೆಳೆತ ಇರುತ್ತದೆ. ಒಂದು ಪೈಪಿನಿಂದ ಆ ಸೆಳೆತವನ್ನು ಕಿಟ್ಟಿನ ಡಬ್ಬಿಗೆ ಕೊಡುತ್ತೇವೆ. ಡಬ್ಬಿಯೊಳಗೆ ರಬ್ಬರಿನ ಪರದೆ ಇದೆ. ಪರದೆ ಒಳಸರಿದಾಗ ಅದಕ್ಕೆ ಕಟ್ಟಿದ ಕೇಬಲ್ಲಿನ ತುದಿಯ ಮಣಿಸರ ಥ್ರಾಟಲನ್ನು ಎಳೆಯುತ್ತದೆ. ಬ್ರೇಕ್ ಒತ್ತಿದ ಕೂಡಲೇ ಒಂದು ವಾಲ್ವ್ ತೆರೆದು ಹೊರಗಿನ ಗಾಳಿ ನುಗ್ಗುತ್ತದೆ. ಪರದೆ ಸಡಿಲ, ಸರ ಸಡಿಲ, ಥ್ರಾಟಲ್ ಬಂದ್.

ಒಂದೇ ಸಿಲಿಂಡರಿನ ಬೈಕಿನಲ್ಲಿ ಈ ಸೆಳೆತ ಬಿಟ್ಟು ಬಿಟ್ಟು ಬರುತ್ತದೆ, ಸಾಲುವುದೂ ಕಷ್ಟ. ಅಂಥ ಬೈಕಿನವರು ಮೋಟರಿನಿಂದ ಎಳೆಯುವ ಕಿಟ್ ಹುಡುಕುವುದು ಒಳ್ಳೆಯದು.

ಕೂರಿಸುವ ಕೆಲಸ

1. ಟ್ಯಾಂಕ್ ಇಳಿಸಿ. ಫ್ಯುಯೆಲ್ ಇಂಜೆಕ್ಷನ್ ಬೈಕಿನಲ್ಲಿ ಪೆಟ್ರೋಲ್ ಪೈಪಿನೊಳಗೆ ಒತ್ತಡ ಇರುತ್ತದೆ. ಪಂಪಿನ ಕಪ್ಲರ್ ಕಳಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಆಮೇಲೆ ಬ್ಯಾಟರಿಯ ಮೈನಸ್ ಬಿಚ್ಚಿ, ಪೈಪಿಗೆ ಕೈ ಹಾಕಿ. ಹತ್ತಿರದಲ್ಲಿ ಬೀಡಿ ಸಿಗರೇಟಿನವರು ಇರಬಾರದು.

2. ಡಬ್ಬಿಗೆ ಜಾಗ ನೋಡಿ. ಸೀಟಿನ ಕೆಳಗೆ ಅಥವಾ ಸೈಡ್ ಪ್ಯಾನೆಲ್ ಒಳಗೆ ಇರಲಿ. ಸೈಲೆನ್ಸರಿನ ಬಿಸಿ ತಾಗಬಾರದು. ಅಲ್ಲಿಂದ ಥ್ರಾಟಲ್‌ವರೆಗೆ ಕೇಬಲ್ ದೊಡ್ಡ ಬಳಕಿನಲ್ಲಿ ಹೋಗಬೇಕು, ಮಡಚಿಕೊಂಡಂತೆ ತಿರುಗಿದರೆ ಒಳಗೇ ಕಚ್ಚಿಕೊಳ್ಳುತ್ತದೆ. ಡಬ್ಬಿಯೊಳಗಿನ ಪುಟ್ಟ ಸ್ವಿಚ್ಚುಗಳನ್ನು ಈಗಲೇ ಹೊಂದಿಸಿಕೊಳ್ಳಿ. ಎಳೆತದ ಜೋರು ಎಷ್ಟಿರಬೇಕು ಎಂಬುದಕ್ಕೂ ಅಲ್ಲಿ ಒಂದು ಸ್ವಿಚ್ ಇರುತ್ತದೆ. ಬೈಕ್ ಹಗುರ ಗಾಡಿ, ಕಡಿಮೆಯಿಂದಲೇ ಶುರು ಮಾಡಿ.

3. ಸರವನ್ನು ಥ್ರಾಟಲ್‌ಗೆ ಸೇರಿಸಿ. ಇಡೀ ಕೆಲಸದಲ್ಲಿ ಅವಸರ ಮಾಡಬಾರದ ಜಾಗ ಇದು. ನೀವು ಕೈಯಿಂದ ಥ್ರಾಟಲ್ ತಿರುಗಿಸಿದಾಗ ಸರ ಸುಮ್ನೆ ಸಡಿಲವಾಗಬೇಕು, ಡಬ್ಬಿಯನ್ನು ಎಳೆಯಬಾರದು. ಸಡಿಲಾದ ಸರ ಥ್ರಾಟಲ್ ಕೇಬಲ್ ಸುತ್ತುವ ಪುಲ್ಲಿಯ ಸಂದಿಗೆ ಜಾರಬಾರದು. ಕೈ ಬಿಟ್ಟಾಗ ಥ್ರಾಟಲ್ ‘ಟಪ್’ ಎಂದು ಮುಚ್ಚಿಕೊಳ್ಳಬೇಕು. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿ ನೋಡಿ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿ. ಟ್ಯಾಂಕ್ ವಾಪಸ್ ಕೂರಿಸಿದ ಮೇಲೂ ಇದನ್ನೇ ಮಾಡಿ, ಯಾಕೆಂದರೆ ಟ್ಯಾಂಕಿನ ಅಡಿಗೆ ಕೇಬಲ್ ಸಿಕ್ಕಿಕೊಳ್ಳುವುದು ಆಗಲೇ. ‘ಟಪ್’ ಸದ್ದು ಒಂದೇ ಒಂದು ಸಲ ತಡವಾದರೂ ಮುಂದಕ್ಕೆ ಹೋಗಬೇಡಿ.

4. ಸೆಳೆತದ ಪೈಪ್. ಎರಡು ಸಿಲಿಂಡರಿನ ಬೈಕಿನಲ್ಲಿ ಥ್ರಾಟಲ್‌ಗಳನ್ನು ಸರಿಸಮ ಮಾಡಲು ಬಳಸುವ ಪುಟ್ಟ ನಿಪ್ಪಲ್‌ಗಳು ಇರುತ್ತವೆ, ರಬ್ಬರ್ ಟೋಪಿ ಹಾಕಿಕೊಂಡು. ಎರಡರಿಂದಲೂ ಪೈಪ್ ತನ್ನಿ. ಒಂದೊಂದಕ್ಕೂ ಒನ್‌ವೇ ವಾಲ್ವ್ ಹಾಕಿ, ಆಮೇಲೆ ಟಿ ಜಾಯಿಂಟಿನಲ್ಲಿ ಸೇರಿಸಿ. ತೋಟದವರಿಗೆ ಹೇಳುವುದಾದರೆ ಬೋರ್‌ವೆಲ್ ಪೈಪಿನ ಎನ್‌ಆರ್‌ವಿ ಮಾಡುವ ಕೆಲಸವನ್ನೇ ಇದು ಮಾಡುವುದು. ಬಾಯಿಂದ ಊದಿ ನೋಡಿ. ಗಾಳಿ ಎಂಜಿನ್ ಕಡೆಗೆ ಹೋಗಬೇಕು, ವಾಪಸ್ ಬರಬಾರದು.

ಜೊತೆಗೆ ಸೆಳೆತವನ್ನು ಕೂಡಿಡುವ ಒಂದು ಖಾಲಿ ಡಬ್ಬ ಬೇಕು. ನಾನು ಪ್ಲಂಬಿಂಗ್ ಅಂಗಡಿಯಿಂದ ಮೂರು ಇಂಚಿನ ಪಿವಿಸಿ ಪೈಪ್ ತುಂಡು ತಂದು, ಎರಡೂ ಕಡೆ ಮುಚ್ಚಳ ಅಂಟಿಸಿ, ನಿಪ್ಪಲ್ ಕೂರಿಸಿದೆ. ಅಂಟು ಒಂದು ರಾತ್ರಿ ಒಣಗಲಿ. ಪೈಪ್ ಮಾತ್ರ ಗಟ್ಟಿಯಾದ ವ್ಯಾಕ್ಯೂಮ್ ಪೈಪೇ ಆಗಬೇಕು. ಮೀನಿನ ತೊಟ್ಟಿಗೆ ಹಾಕುವ ಮೆತ್ತನೆಯ ಪೈಪ್ ಬಿಸಿಗೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ.

5. ವೈರಿಂಗ್. ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ಜಾಗದಿಂದ, ಫ್ಯೂಸ್ ಹಾಕಿ, ಲೈನ್ ತೆಗೆದುಕೊಳ್ಳಿ. ಅರ್ಥ್ ನೇರ ಬ್ಯಾಟರಿ ಮೈನಸ್‌ಗೆ ಕೊಡಿ. ಬಣ್ಣ ಬಳಿದ ಚಾಸಿಗೆ ಬೇಡ. ಎಂಜಿನ್ ಎಷ್ಟು ಸುತ್ತುತ್ತಿದೆ ಎಂಬ ಸಿಗ್ನಲ್ ಇಗ್ನಿಷನ್ ಕಾಯಿಲ್‌ನ ಮೈನಸ್ ವೈರಿನಿಂದ ಸಿಗುತ್ತದೆ. ಕ್ಲಚ್ ಹಿಡಿದಾಗ ಎಂಜಿನ್ ದಿಢೀರ್ ಏರಿದರೆ ಕಿಟ್ ತಾನೇ ಬಿಟ್ಟುಬಿಡಲು ಇದೇ ಆಧಾರ. ವೇಗದ ಸಿಗ್ನಲ್‌ಗೆ ಚಕ್ರಕ್ಕೆ ಅಂಟಿಸುವ ಅಯಸ್ಕಾಂತ ಮತ್ತು ಸೆನ್ಸರ್ ಕಿಟ್ ಜೊತೆ ಸಿಗುತ್ತದೆ. ಎಬಿಎಸ್ ಸೆನ್ಸರಿನ ವೈರಿಗೆ ಮಾತ್ರ ಕೈ ಹಾಕಬೇಡಿ, ಎಷ್ಟೇ ಹತ್ತಿರ ಕಂಡರೂ.

ಕೊನೆಯದು ಬ್ರೇಕ್ ಲೈಟಿನ ವೈರು. ಅದನ್ನು ಸೇರಿಸುವ ಮುಂಚೆ ಬೈಕನ್ನು ಗೋಡೆಗೆ ಹಿಂದು ಮಾಡಿ ನಿಲ್ಲಿಸಿ, ಮುಂದಿನ ಲಿವರ್ ಒತ್ತಿ, ಹಿಂದಿನ ಪೆಡಲ್ ಒತ್ತಿ. ಎರಡಕ್ಕೂ ಗೋಡೆ ಕೆಂಪಾಗಬೇಕು. ನಮ್ಮಲ್ಲಿ ಮುಂದಿನ ಲಿವರಿನ ಸ್ವಿಚ್ ಸತ್ತು ವರ್ಷವಾದರೂ ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ.

6. ಗುಂಡಿಗಳು. ಎಡ ಹೆಬ್ಬೆರಳಿಗೆ ಸಿಗಲಿ, ಆದರೆ ಹಾರ್ನಿಗೆ ಅಡ್ಡ ಬರದಿರಲಿ. ನಮ್ಮ ರಸ್ತೆಯಲ್ಲಿ ಹಾರ್ನ್ ಹುಡುಕುತ್ತಾ ಕೂರಲು ಆಗುವುದಿಲ್ಲ.

ಮೊದಲ ಓಟ

ಹಗಲು, ಒಣ ರಸ್ತೆ, ಹಿಂದೆ ಯಾರೂ ಬೇಡ. ಇಂಥ ಕಿಟ್‌ಗಳು ಸಾಮಾನ್ಯವಾಗಿ 50 ಕಿ.ಮೀ.ಗಿಂತ ಕೆಳಗೆ ಹಿಡಿಯುವುದಿಲ್ಲ. 60ಕ್ಕೆ ಸೆಟ್ ಮಾಡಿ. ಹಿಡಿಯಿತೇ? ಸಂತೋಷಪಡುವ ಮುಂಚೆ ಬಿಡಿಸಿ. ಮುಂದಿನ ಬ್ರೇಕಿನಿಂದ ಒಮ್ಮೆ, ಹಿಂದಿನದರಿಂದ ಒಮ್ಮೆ, ಆಫ್ ಗುಂಡಿಯಿಂದ ಒಮ್ಮೆ, ಕ್ಲಚ್ಚಿನಿಂದ ಒಮ್ಮೆ. ನಾಲ್ಕಕ್ಕೂ ತಕ್ಷಣ ಬಿಡಬೇಕು. ಹೆಬ್ಬೆರಳು ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ಹತ್ತಿರ ಇರಲಿ. ಒಂದರಲ್ಲಿ ತಪ್ಪಿದರೂ ಮನೆಗೆ ವಾಪಸ್.

ಕೈಕೊಟ್ಟಾಗ

ಈಗ ಆ ಮೂರು ಭಾನುವಾರದ ಕಥೆ. ನನ್ನ ಕಿಟ್ ಹಿಡಿಯುತ್ತಲೇ ಇರಲಿಲ್ಲ. ವೈರೆಲ್ಲ ಬಿಚ್ಚಿ ಕಟ್ಟಿದೆ, ಪೈಪ್ ಬದಲಾಯಿಸಿದೆ, ಅಯಸ್ಕಾಂತ ಸರಿಸಿದೆ. ಕಡೆಗೆ ಬೀದಿ ಕೊನೆಯ ಆಟೊ ಎಲೆಕ್ಟ್ರಿಷಿಯನ್ ಬಂದು ಮೀಟರ್ ಇಟ್ಟು ನೋಡಿ, ‘ಸಾರ್, ಇದಕ್ಕೆ ಬಲ್ಬ್ ಎಲ್ಲಿದೆ?’ ಅಂದರು. ನಾನೇ ಆಸೆಪಟ್ಟು ಹಾಕಿಸಿದ್ದ ಎಲ್‌ಇಡಿ ಬ್ರೇಕ್ ಲೈಟು ತಾನೇ ಅಲ್ಲಿದ್ದದ್ದು!

ವಿಷಯ ಇಷ್ಟೇ. ಬ್ರೇಕ್ ಒತ್ತದೆ ಇರುವಾಗ ಕಿಟ್ಟಿಗೆ ಬ್ರೇಕ್ ಲೈಟಿನ ವೈರಿನಲ್ಲಿ ಅರ್ಥ್ ಕಾಣಬೇಕು. ಹಳೇ ಬಲ್ಬಿನ ತಂತಿಯ ಮೂಲಕ ಅದು ಸಿಗುತ್ತದೆ. ಎಲ್‌ಇಡಿ ಅದನ್ನು ಬಿಡುವುದಿಲ್ಲ. ‘ಬ್ರೇಕ್ ವೈರು ಎಲ್ಲೋ ತುಂಡಾಗಿದೆ, ಹಿಡಿಯುವುದು ಅಪಾಯ’ ಎಂದುಕೊಂಡು ಕಿಟ್ ಸುಮ್ಮನಿರುತ್ತದೆ. ಪಾಪ, ಅದು ಸರಿಯಾಗಿಯೇ ಕೆಲಸ ಮಾಡುತ್ತಿತ್ತು.

ಪರಿಹಾರ ಎರಡು. ಐದು ಪಿನ್ನಿನ ರಿಲೇ (ಕರೆಂಟಿನಿಂದ ಬದಲಾಗುವ ಸ್ವಿಚ್) ಹಾಕಬಹುದು: ಬ್ರೇಕ್ ಇಲ್ಲದಾಗ ಅದು ಕಿಟ್ಟಿಗೆ ಅರ್ಥ್ ಕೊಡುತ್ತದೆ, ಒತ್ತಿದಾಗ 12 ವೋಲ್ಟ್ ಕೊಡುತ್ತದೆ. ಹೆಚ್ಚಿನವರು ಇದನ್ನೇ ಹೇಳುತ್ತಾರೆ. ನನಗೆ ಇಷ್ಟವಿಲ್ಲ. ರಿಲೇಯ ಕಾಯಿಲ್ ಸುಟ್ಟರೆ ಕಿಟ್ಟಿಗೆ ಯಾವಾಗಲೂ ಅರ್ಥ್ ಕಾಣುತ್ತಿರುತ್ತದೆ, ನೀವು ಬ್ರೇಕ್ ಒತ್ತಿದ್ದು ಅದಕ್ಕೆ ತಿಳಿಯುವುದೇ ಇಲ್ಲ. ಅದರ ಬದಲು ಸ್ಪೀಡೋಮೀಟರಿನೊಳಗೆ ಹಾಕುವಂಥ ಒಂದು ಪುಟ್ಟ ತಂತಿ ಬಲ್ಬನ್ನು ಬ್ರೇಕ್ ಲೈಟಿನ ವೈರಿಗೂ ಅರ್ಥ್‌ಗೂ ನಡುವೆ ಕಟ್ಟಿ, ಸೀಟಿನ ಕೆಳಗೆ ಇಡಿ. ಆ ಬಲ್ಬ್ ಸುಟ್ಟರೆ ಕ್ರೂಸ್ ಹಿಡಿಯುವುದಿಲ್ಲ, ಅಷ್ಟೇ.

ಹಿಡಿದು ಐದು ನಿಮಿಷಕ್ಕೆ ತಾನೇ ಬಿಟ್ಟರೆ ಹಿಂದಿನ ಪೆಡಲ್ ಸ್ವಿಚ್ ನೋಡಿ. ಅದನ್ನು ತೀರಾ ಬಿಗಿಯಾಗಿ ಹೊಂದಿಸಿದ್ದರೆ ರಸ್ತೆಯಲ್ಲಿ ಹಳ್ಳ ಸಿಕ್ಕಾಗಲೆಲ್ಲ ಬ್ರೇಕ್ ಲೈಟ್ ಮಿಣುಕುತ್ತದೆ, ಕ್ರೂಸ್ ಬಿಡುತ್ತದೆ. ಹಿಂದೆ ಬರುವ ಗೆಳೆಯರನ್ನು ಕೇಳಿದರೆ ಗೊತ್ತಾಗುತ್ತದೆ.

ವೇಗ ಏರುತ್ತಾ ಇಳಿಯುತ್ತಾ ಉಯ್ಯಾಲೆಯಾಡಿದರೆ ಒಂದೋ ಸರದ ಸಡಿಲ ಜಾಸ್ತಿ, ಇಲ್ಲವೇ ಎಳೆತದ ಜೋರು ಜಾಸ್ತಿ. ಮೊದಲು ಸರ ನೋಡಿ. ಕೂರಿಸಿದ ಮೇಲೆ ಐಡ್ಲಿಂಗ್ (ಥ್ರಾಟಲ್ ಬಿಟ್ಟಾಗ ಎಂಜಿನ್ ಸುತ್ತುವ ವೇಗ) ಏರಿದ್ದರೆ ಸರ ತೀರಾ ಬಿಗಿ, ಅಥವಾ ಪೈಪಿನ ಜಾಯಿಂಟಿನಲ್ಲಿ ಗಾಳಿ ಎಳೆಯುತ್ತಿದೆ.

ಉದ್ದದ ಏರಿನಲ್ಲಿ ವೇಗ ಕುಸಿಯುವುದು ಕೆಟ್ಟುಹೋದ ಲಕ್ಷಣವಲ್ಲ. ಥ್ರಾಟಲ್ ತೆರೆದಷ್ಟೂ ಸೆಳೆತ ಕಡಿಮೆಯಾಗುತ್ತದೆ, ಪೂರ್ತಿ ತೆರೆದರೆ ಇಲ್ಲವೇ ಇಲ್ಲ ಎನ್ನಬಹುದು. ಪಿವಿಸಿ ಡಬ್ಬದಲ್ಲಿ ಕೂಡಿಟ್ಟದ್ದು ಒಂದು ಫ್ಲೈಓವರ್ ಏರುವಷ್ಟಕ್ಕೆ ಸಾಕು. ಶಿರಾಡಿ, ಆಗುಂಬೆಯಂಥ ಘಾಟಿಯಲ್ಲಿ ಕ್ರೂಸ್ ಹಾಕುವ ಯೋಚನೆಯೇ ಬೇಡ. ಮಳೆಯಲ್ಲೂ ಬೇಡ, ಊರೊಳಗೂ ಬೇಡ.

ಕಾನೂನಿನ ಮಾತು ಎರಡೇ. ಚತುಷ್ಪಥ ಹೆದ್ದಾರಿಯಲ್ಲಿ ಬೈಕಿಗೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಗರಿಷ್ಠ ವೇಗ 80 ಕಿ.ಮೀ., ಹಾಗಾಗಿ 75ಕ್ಕೆ ಸೆಟ್ ಮಾಡಿ ಹಾಯಾಗಿರಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಓಡಿಸಿ ನೋಡೋಣ ಎಂದುಕೊಂಡಿದ್ದರೆ, 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕಿಗೆ ಪ್ರವೇಶವೇ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ವಿವರ ಬದಲಾಯಿಸುವುದಕ್ಕೆ ಕಡಿವಾಣ ಹಾಕುತ್ತದೆ, ಆದ್ದರಿಂದ ಕಿಟ್ ಕೊಳ್ಳುವ ಮುಂಚೆ ಆರ್‌ಟಿಒದಲ್ಲೂ ವಿಮೆಯವರ ಹತ್ತಿರವೂ ಒಮ್ಮೆ ಕೇಳಿ. ವಾರಂಟಿ ಇರುವ ಬೈಕಾದರೆ ಶೋರೂಮಿನವರನ್ನೂ.

ಇನ್ನು ಟೂಲ್ ಬ್ಯಾಗಿನಲ್ಲಿ ಎರಡು ರಬ್ಬರ್ ಟೋಪಿ ಮತ್ತು ನಾಲ್ಕು ಟ್ಯಾಗ್ (ವೈರು ಕಟ್ಟುವ ಪ್ಲಾಸ್ಟಿಕ್ ಪಟ್ಟಿ) ಇಟ್ಟುಕೊಳ್ಳಿ. ದಾರಿಯಲ್ಲಿ ಕಿಟ್ ತೊಂದರೆ ಕೊಟ್ಟರೆ ಅದರ ಫ್ಯೂಸ್ ಕೀಳಿ, ಸೆಳೆತದ ಪೈಪ್ ತೆಗೆದು ನಿಪ್ಪಲ್‌ಗಳಿಗೆ ಟೋಪಿ ಹಾಕಿ, ಸರವನ್ನು ಥ್ರಾಟಲ್‌ನಿಂದ ಬಿಡಿಸಿ ಚಾಸಿಗೆ ಟ್ಯಾಗ್ ಬಿಗಿಯಿರಿ. ಟ್ಯಾಂಕ್ ಎತ್ತಿ ಇಳಿಸುವುದೂ ಸೇರಿ ಅರ್ಧ ಗಂಟೆಯ ಕೆಲಸ. ಆಮೇಲೆ ಕೈಯಿಂದಲೇ ಥ್ರಾಟಲ್ ಹಿಡಿದು ಊರು ಸೇರಿಕೊಳ್ಳಿ.