ನಸುಕಿನ ಅಂಬಲಿ ಮಡಕೆ

ಮೂರು ದಿನ ಕಾದು ರಾಗಿಗೆ ಮೊಳಕೆ ಬರಿಸಿ, ಒಣಗಿಸಿ, ಬೀಸಿಸಿಕೊಂಡು ಬಂದ ಹಿಟ್ಟನ್ನು ಮೂರು ನಿಮಿಷದಲ್ಲಿ ಕೊಂದುಬಿಡುವವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ. ಈಚೆಗೆ ನಮ್ಮ ಬೀದಿಯ ಹುಡುಗಿಯೊಬ್ಬಳು ನನ್ನ ಕಣ್ಣೆದುರೇ ಅಂತಹ ಹಿಟ್ಟನ್ನು ಕುದಿಯುವ ನೀರಿಗೆ ಸುರಿದು, ಗರಗರ ತಿರುವಿ, "ಅಜ್ಜಿ, ಅಂಬಲಿ ಆಯಿತು" ಎಂದಳು. ಸೌಟು ಎತ್ತಿದರೆ ಅಂಟು, ನಾಲಿಗೆಗೆ ಹಸಿಹಸಿ, ನಡುವೆ ನೆಲ್ಲಿಕಾಯಿ ಗಾತ್ರದ ಗಂಟುಗಳು. ಅದಕ್ಕೆ ಬೆಲ್ಲ ಹಾಕಿ ಮುಚ್ಚಿಟ್ಟರೆ ಬೇಗ ಹುಳಿ ಬರುತ್ತದೆಯೆಂದು ಮೊಬೈಲಿನಲ್ಲಿ ನೋಡಿದ್ದಳಂತೆ. ನಾಲ್ಕನೆಯ ದಿನ ಮೇಲೆ ಬೂಸ್ಟು ಕಟ್ಟಿತ್ತು. ಅದನ್ನು ಚೆಲ್ಲಿ ಬಂದ ಸಂಕಟಕ್ಕೆ ಇದನ್ನು ಬರೆಯುತ್ತಿದ್ದೇನೆ.

ಹುಳಿ ಅಂಬಲಿ ನಸುಕಿನ ಕೆಲಸ. ನಾಲ್ಕೂವರೆಗೆ ಎದ್ದು ಹಿತ್ತಿಲ ಬಾಗಿಲು ತೆಗೆದರೆ ಮಂಡ್ಯದ ಈ ಅಂಚಿನಲ್ಲಿ ಇನ್ನೂ ಗದ್ದೆಯ ತಂಪು ಇರುತ್ತದೆ. ಆಲೆಮನೆ ನಡೆಯುವ ದಿನಗಳಲ್ಲಿ ಕಬ್ಬಿನ ಹಾಲು ಕುದಿಯುವ ವಾಸನೆಯೂ ಗಾಳಿಯಲ್ಲಿ ತೇಲಿ ಬರುತ್ತದೆ. ಆ ಹೊತ್ತಿನಲ್ಲಿ ಮಾತ್ರ ಮಡಕೆಯ ಸದ್ದು ಕಿವಿಗೆ ಬೀಳುವುದು. ಮುಚ್ಚಳ ಸರಿಸುವ ಮುಂಚೆ ಕಿವಿಯನ್ನು ಹತ್ತಿರ ತನ್ನಿ. ಒಣಗಿದ ಬಾಳೆ ಎಲೆಯ ಮೇಲೆ ತುಂತುರು ಬಿದ್ದಂತೆ ಚಿಟಿಚಿಟಿ ಎನ್ನುತ್ತಿದ್ದರೆ ಅಂಬಲಿ ಹದಕ್ಕೆ ಬಂದಿದೆ. ಮುಚ್ಚಳ ತೆಗೆದಾಗ ಹೊಸ ಮಜ್ಜಿಗೆಯ ಹುಳಿ, ಅದರ ಹಿಂದೆಯೇ ಮಳೆ ಬಿದ್ದ ಮಣ್ಣಿನಂತಹ ರಾಗಿಯ ವಾಸನೆ ಮೂಗಿಗೆ ಬರಬೇಕು. ಆರೂವರೆಯಾದರೆ ಮುಗಿಯಿತು, ಒಂದು ಕಡೆ ಮಿಕ್ಸಿ, ಇನ್ನೊಂದು ಕಡೆ ಟಿ.ವಿ. ಐವತ್ತು ವರ್ಷದಿಂದ ಆ ಮೊದಲ ಎರಡು ಗಂಟೆಯನ್ನು ನಾನು ಯಾರಿಗೂ ಬಿಟ್ಟುಕೊಟ್ಟಿಲ್ಲ.

ರಾಗಿಯ ವಿಷಯ. ಪಾಲಿಷ್ ಮಾಡಿ ಹೊಳೆಯುವ ಪೊಟ್ಟಣದ ರಾಗಿ ಮೊಳೆಯುವುದಿಲ್ಲ. ಆಗಷ್ಟೇ ಕಣದಿಂದ ಬಂದ ಹೊಸ ರಾಗಿಯೂ ಮೊಳಕೆಗೆ ಮೊಂಡು. ಹಿಂದಿನ ಸುಗ್ಗಿಯದು ಬೇಕು. ನಮ್ಮದು ನಾಲೆಯ ನೀರಿನ ಭೂಮಿ, ಕಬ್ಬು ಭತ್ತ ಬಿಟ್ಟರೆ ಬೇರೆ ಮಾತಿಲ್ಲ, ಹಾಗಾಗಿ ನಾಗಮಂಗಲದ ಕಡೆಯ ಬೆದ್ದಲು ಹೊಲದ ರಾಗಿಯನ್ನೇ ತರಿಸುತ್ತೇನೆ. ನಮ್ಮ ತಂದೆ ಇಂಡಾಫ್ ರಾಗಿ ಬಿತ್ತುತ್ತಿದ್ದರು. ಇಲ್ಲೇ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ದುಡಿದ ಲಕ್ಷ್ಮಣಯ್ಯನವರು ನಮ್ಮ ದೇಶದ ರಾಗಿಗೆ ಆಫ್ರಿಕಾದ ರಾಗಿಯನ್ನು ಬೆರೆಸಿ ತೆಗೆದ ತಳಿ ಅದು. ಅದಕ್ಕೇ ಅವರನ್ನು ಜನ ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ತಂದೆ ಆ ಹೆಸರು ಹೇಳುವಾಗ ಹೆಗಲ ಮೇಲಿನ ಟವೆಲ್ ತೆಗೆಯುತ್ತಿದ್ದರು. ಅಂತಹ ಕಾಳನ್ನು ಕೊಂಡು ತಂದ ಮೇಲೆ ಒಂದು ಚಿಟಿಕೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೊಳೆಯುತ್ತದೆಯೋ ಇಲ್ಲವೋ ನೋಡಿ, ಆಮೇಲೆ ಸೇರುಗಟ್ಟಲೆ ನೆನೆಹಾಕಿ.

ನೆನೆಸುವುದು ಒಂದು ರಾತ್ರಿ, ಬಟ್ಟೆಯಲ್ಲಿ ಕಟ್ಟಿ ಒಂದೂವರೆ ಎರಡು ದಿನ. ಇದನ್ನು ಹೇಳಿಕೊಡಬೇಕಾಗಿಲ್ಲ. ಗಂಟನ್ನು ಹೊತ್ತಿಗೊಮ್ಮೆ ಬಿಚ್ಚಿ, ಕೈಯಾಡಿಸಿ, ನೀರು ಚಿಮುಕಿಸಿ ಮತ್ತೆ ಕಟ್ಟಿ. ಇಲ್ಲದಿದ್ದರೆ ನಡುವಿನ ಕಾಳು ಬಿಸಿಯಾಗಿ ಮುಗ್ಗಲು ಹಿಡಿಯುತ್ತದೆ. ಬಟ್ಟೆ ಹಳೆಯ ಹತ್ತಿ ಪಂಚೆಯದಾಗಿರಲಿ, ಅದಕ್ಕೆ ಸೋಪಿನ ಪುಡಿ ಸೋಕಿಸಬೇಡಿ, ಬಿಸಿನೀರಲ್ಲಿ ಕುದಿಸಿ ಬಿಸಿಲಿಗೆ ಹಾಕಿದರೆ ಸಾಕು.

ಮೊಳಕೆ ಬಂದ ರಾಗಿ ಬಿಸಿಲಿನಲ್ಲಿ ಗಲಗಲ ಎನ್ನುವಷ್ಟು ಒಣಗಲಿ. ಆಮೇಲೆ ಎರಡು ಅಂಗೈಗಳ ನಡುವೆ ಉಜ್ಜಿ, ಮೊರದಲ್ಲಿ ಕೇರಿ, ಒಣಗಿದ ಬೇರುಗಳನ್ನು ಹಾರಿಸಿಬಿಡಿ, ಅವು ಕಹಿ. ಎಲ್ಲರೂ ಎಡವುವುದು ಇಲ್ಲಿಂದ ಮುಂದೆ. ಘಮ ಬರಲಿ ಎಂದು ಬಾಣಲೆಯಲ್ಲಿ ಕೆಂಪಗೆ ಹುರಿದುಬಿಡುತ್ತಾರೆ. ಹಾಲಿಗೆ ಬೆರೆಸಿ ಕುಡಿಯುವ ಹುರಿಹಿಟ್ಟಿಗೆ ಅದು ಸರಿ. ಅಂಬಲಿಗೆ ಹುರಿದರೆ ಮೊಳಕೆಯ ಜೀವವೇ ಹೋಯಿತು. ಮೊಳಕೆ ಒಡೆಯುವಾಗ ಕಾಳಿನೊಳಗೆ ಹಿಟ್ಟನ್ನು ಸಿಹಿಯಾಗಿ ಕರಗಿಸುವ ಕಿಣ್ವಗಳು ಹುಟ್ಟುತ್ತವೆ. ಒಣ ಬಿಸಿಲನ್ನು ಅವು ತಡೆಯುತ್ತವೆ, ಹುರಿಯುವ ಬಾಣಲೆಯನ್ನು ತಡೆಯುವುದಿಲ್ಲ. ಆದ್ದರಿಂದ ಅಂಬಲಿಯ ಪಾಲನ್ನು ಹುರಿಯದೆ ಬೇರೆಯಾಗಿ ಬೀಸಿಸಿ, ಡಬ್ಬದ ಮೇಲೆ ಬರೆದಿಡಿ.

ಈಗ ನಾನು ಪ್ರಾಣದಂತೆ ಕಾಪಾಡಿಕೊಂಡು ಬಂದ ಒಂದು ಹದ. ನಮ್ಮ ಅತ್ತೆ ಇದಕ್ಕೆ "ಹಿಟ್ಟು ಮಲಗಿಸುವುದು" ಎನ್ನುತ್ತಿದ್ದರು. ಬೆಳಗಿನ ಐದಕ್ಕೆ ದಪ್ಪ ತಳದ ಸ್ಟೀಲ್ ಪಾತ್ರೆಗೆ ಬಿಸಿನೀರು ಸುತ್ತಿ ಚೆಲ್ಲಿ, ಪಾತ್ರೆಯ ಮೈ ಮೊದಲು ಬೆಚ್ಚಗಾಗಲಿ. ತಣ್ಣನೆಯ ಪಾತ್ರೆ ಅರ್ಧ ಶಾಖವನ್ನು ತಾನೇ ನುಂಗುತ್ತದೆ. ಅದರಲ್ಲಿ ನಾಲ್ಕು ಹಿಡಿ ಹಿಟ್ಟನ್ನು ಒಂದು ಚೊಂಬು ತಣ್ಣೀರಿನಲ್ಲಿ ಕೈಯಿಂದಲೇ ಕದಡಿ. ಬೆರಳುಗಳ ನಡುವೆ ಒಂದೂ ಗಂಟು ಉಳಿಯಬಾರದು. ಆಮೇಲೆ ಅದೇ ಚೊಂಬಿನಲ್ಲಿ ಎರಡು ಚೊಂಬು ಕುದಿಯುವ ನೀರನ್ನು ನೂಲಿನಂತೆ ಸಣ್ಣಗೆ ಬಿಡುತ್ತಾ ಹಿಟ್ಟಿನ ಕೋಲಿನಿಂದ ಒಂದೇ ದಿಕ್ಕಿಗೆ ತಿರುವುತ್ತಾ ಹೋಗಿ. ಎರಡನೆಯ ಚೊಂಬು ಮುಗಿಯುವ ಹೊತ್ತಿಗೆ ಅದು ಸ್ವಲ್ಪ ದಪ್ಪಗಾಗಿ ಕೋಲು ಭಾರವಾಗುತ್ತದೆ, ಹೆದರಬೇಡಿ. ಕಿರುಬೆರಳಿನ ತುದಿಯನ್ನು ಮುಟ್ಟಿಸಿದರೆ ಒಂದು ಎಂದು ಎಣಿಸುವಷ್ಟರಲ್ಲಿ ಬೆರಳು ತಾನಾಗಿ ಹಿಂದೆ ಬರಬೇಕು. ಬೆರಳು ಆರಾಮವಾಗಿ ನಿಂತರೆ ಇನ್ನರ್ಧ ಚೊಂಬು ಕುದಿನೀರು ಬೇಕು. ಮುಟ್ಟಲೇ ಆಗದಿದ್ದರೆ ಒಂದು ಸೌಟು ತಣ್ಣೀರು ಬಿಡಿ.

ಮುಚ್ಚಳ ಹಾಕಿ, ಬಿದಿರಿನ ಬುಟ್ಟಿಯಲ್ಲಿ ಭತ್ತದ ಹುಲ್ಲಿನ ಗೂಡು ಮಾಡಿ, ಅದರೊಳಗೆ ಪಾತ್ರೆ ಕೂರಿಸಿ, ಮೇಲೆ ಇನ್ನಷ್ಟು ಹುಲ್ಲು, ಅದರ ಮೇಲೆ ಮಡಿಸಿದ ಗೋಣಿಚೀಲ. ಹುಲ್ಲು ಸಿಗದ ಪಟ್ಟಣದ ಮನೆಯಲ್ಲಿ ಹಳೆಯ ಕಂಬಳಿ ಸಾಕು. ಒಂದು ಗಂಟೆ ಕೈ ಹಚ್ಚಬೇಡಿ. ಆಗಿದೆಯೇ ನೋಡುತ್ತೇನೆಂದು ನಾಲ್ಕು ಸಲ ಮುಚ್ಚಳ ತೆಗೆದರೆ ಶಾಖ ಹಾರಿಹೋಗುತ್ತದೆ. ಆ ಹೊತ್ತಿನಲ್ಲಿ ನಾನು ಅಂಗಳಕ್ಕೆ ನೀರು ಹಾಕಿ, ರಂಗೋಲಿ ಬಿಟ್ಟು, ಜಗುಲಿಯಲ್ಲಿ ಕೂತು ಬೆಳಕು ಹರಿಯುವುದನ್ನು ನೋಡುತ್ತೇನೆ. ಗಂಟೆ ಕಳೆದು ಸೌಟು ಎತ್ತಿದರೆ ಆಗ ಧಡಕ್ಕನೆ ಬೀಳುತ್ತಿದ್ದದ್ದು ಈಗ ಎಳೆ ಕಡಿಯದೆ ಹಾಲಿನಂತೆ ಇಳಿಯುತ್ತದೆ. ನಾಲಿಗೆಗೆ ಹಚ್ಚಿ ನೋಡಿ, ಒಂದು ಚೂರು ಬೆಲ್ಲ ಹಾಕಿಲ್ಲ, ಆದರೂ ಸಿಹಿ. ಮೊದಲ ಸಲ ಅತ್ತೆ ನನ್ನ ಅಂಗೈಗೆ ಆ ಸಿಹಿಯನ್ನು ಬಿಟ್ಟಾಗ ನನಗೆ ಹತ್ತೊಂಬತ್ತು ವರ್ಷ. ತವರಿನ ನೆನಪಿಗೆ ಅಳುತ್ತಾ ಕೂತಿದ್ದವಳು ಎರಡನೆಯ ಸಲ ಕೈ ಚಾಚಿದ್ದೆ.

ನನ್ನ ಮೊಮ್ಮಗ ಬೆಂಗಳೂರಿನ ಬಿಯರ್ ಘಟಕವೊಂದರಲ್ಲಿ ಕೆಲಸ ಮಾಡುತ್ತಾನೆ. ಸಂಕ್ರಾಂತಿಗೆ ಬಂದಿದ್ದವನು ನಸುಕಿನಲ್ಲಿ ಎದ್ದು ಈ ಬುಟ್ಟಿಯನ್ನು ನೋಡಿ, "ಅಜ್ಜಿ, ನಾವು ಯಂತ್ರದಲ್ಲಿ ಮಾಡುವುದೂ ಇದೇ" ಎಂದ. ಬಾರ್ಲಿಗೆ ಮೊಳಕೆ ಬರಿಸಿ, ಒಣಗಿಸಿ, ಒಡೆದು, ಸುಮಾರು 65 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಹಿಟ್ಟು ಸಕ್ಕರೆಯಾಗುತ್ತದೆ. ಆ ಸಿಹಿ ನೀರನ್ನು ಹಾಪ್ಸ್ ಎಂಬ ಕಹಿ ಹೂವಿನ ಜೊತೆ ಕುದಿಸಿ, ಆರಿಸಿ, ಯೀಸ್ಟ್ ಹಾಕಿದರೆ ಬಿಯರ್. ಅವರ ಘಟಕದಲ್ಲೂ ಬೆಳಗಿನ ಜಾವಕ್ಕೇ ಕೆಲಸ ಶುರುವಂತೆ. ಅವನು ತಂದಿದ್ದ ಶಾಖಮಾಪಕವನ್ನು ನನ್ನ ಪಾತ್ರೆಗೆ ಇಳಿಸಿದಾಗ 66 ತೋರಿಸಿತು. ಅತ್ತೆಯ ಕಿರುಬೆರಳಿನ ಲೆಕ್ಕ ಅಷ್ಟು ಕರಾರುವಾಕ್ಕಾಗಿತ್ತು. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಮೊಳಕೆ ರಾಗಿಯಿಂದ ಮಕ್ಕಳ ಆಹಾರ ಮಾಡಿದ್ದೂ ಹಿಟ್ಟನ್ನು ತೆಳುವಾಗಿಸುವ ಇದೇ ಗುಣವನ್ನು ನೆಚ್ಚಿ. ನೀರು ಹೆಚ್ಚಿಸದೆಯೇ ಗಂಜಿ ತೆಳುವಾದಷ್ಟೂ ಮಗುವಿನ ಪುಟ್ಟ ಹೊಟ್ಟೆಗೆ ಹೆಚ್ಚು ಹಿಟ್ಟು ಇಳಿಯುತ್ತದೆ.

ಮಲಗಿ ಎದ್ದ ಹಿಟ್ಟನ್ನು ಚೆನ್ನಾಗಿ ಕುದಿಸಿ, ಮೊಸರಿಗೆ ಹೆಪ್ಪು ಹಾಕುವಷ್ಟು ಉಗುರುಬೆಚ್ಚಗೆ ಆರಿಸಿ, ಮಣ್ಣಿನ ಮಡಕೆಗೆ ಬಗ್ಗಿಸಿ, ನಿನ್ನೆಯ ಅಂಬಲಿಯ ತಳದಿಂದ ಎರಡು ಸೌಟು ಸೇರಿಸಿ. ಬಿಸಿಯಿದ್ದಾಗ ಸೇರಿಸಿದರೆ ಹೆಪ್ಪು ಸಾಯುತ್ತದೆ. ಮೊದಲ ಸಲ ಮಾಡುವವರು ಮನೆಯ ಹುಳಿ ಮಜ್ಜಿಗೆಯನ್ನು ಒಂದು ಚಮಚ ಬಿಡಲಿ. ಚಳಿಯಲ್ಲಿ ಮಾರನೆಯ ನಸುಕಿಗೆ ಸರಿಯಾಗಿ ಹುಳಿ ಬರುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಹೆಪ್ಪು ಹಾಕಿದರೆ ಮಾರನೆಯ ದಿನಕ್ಕೆ ಹಲ್ಲು ಚಳಿತುಹೋಗುತ್ತದೆ. ಕುದಿಸಿದ್ದನ್ನು ಫ್ರಿಜ್‌ನಲ್ಲಿಟ್ಟು, ಸಂಜೆ ಹೊರತೆಗೆದು ಆಮೇಲೆ ಸೇರಿಸಿ.

ಬೆಲ್ಲ ಮಾತ್ರ ಬೇಡವೇ ಬೇಡ. ಮೊಸರಿನ ಜಾತಿಯ ಹುಳಿ ಬರಬೇಕಾದ ಕಡೆ ಬೆಲ್ಲ ಸುರಿದರೆ ಯೀಸ್ಟ್ ಕೊಬ್ಬಿ ಹೆಂಡದ ವಾಸನೆ ಹೊಡೆಯುತ್ತದೆ. ಬಿಯರ್ ಮಾಡುವ ಆಸೆಯಿದ್ದವರು ಮೊಮ್ಮಗನಂತೆ ಪರವಾನಗಿ ಇರುವ ಕಡೆ ಕೆಲಸ ಕಲಿಯಲಿ. ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ಮಾಡುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ.

ಹಿತ್ತಾಳೆ ತಾಮ್ರದ ಪಾತ್ರೆಗಳನ್ನೂ ದೂರವಿಡಿ. ಮದುವೆಯಾದ ವರ್ಷ ನಾನು ಕಲಾಯಿ ಹೋಗಿದ್ದ ಹಿತ್ತಾಳೆ ಕೊಳದಪ್ಪಲೆಯಲ್ಲಿ ಹುಳಿ ಅಂಬಲಿಯನ್ನು ರಾತ್ರಿಯಿಡೀ ಬಿಟ್ಟಿದ್ದೆ. ಬೆಳಿಗ್ಗೆ ಅಂಚಿನಲ್ಲಿ ಹಸಿರು ಕಿಲುಬು, ಬಾಯಿಗೆ ಇಟ್ಟರೆ ನಾಣ್ಯ ನೆಕ್ಕಿದ ರುಚಿ. ಅತ್ತೆ ಒಂದು ಮಾತೂ ಆಡದೆ ಅಷ್ಟನ್ನೂ ಗುಂಡಿ ತೋಡಿ ಸುರಿದರು, ಎಮ್ಮೆಗೂ ಕೊಡಲಿಲ್ಲ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಉಪ್ಪು ಹಾಕುವುದು ಕುಡಿಯುವಾಗ, ಲೋಟಕ್ಕೆ. ಮಡಕೆಗೆ ಹಾಕಿದರೆ ಹುಳಿ ಕುಂಟುತ್ತದೆ. ಮಜ್ಜಿಗೆ ಬೆರೆಸಿ, ಸಣ್ಣ ಈರುಳ್ಳಿಯನ್ನು ಜಜ್ಜಿ, ಹಸಿಮೆಣಸಿನಕಾಯಿ ಕಚ್ಚಿಕೊಂಡು ಕುಡಿದರೆ ಮಧ್ಯಾಹ್ನದ ಮುದ್ದೆಯವರೆಗೆ ಹಸಿವಿನ ಸುಳಿವಿರುವುದಿಲ್ಲ. ಲೋಳೆ ಎಳೆದರೆ, ಮೇಲೆ ಕಪ್ಪೋ ಕೆಂಪೋ ಬಣ್ಣ ಕಂಡರೆ ಮೇಲಿನದನ್ನು ಕೆನೆಯಂತೆ ತೆಗೆದು ಕುಡಿಯಬೇಡಿ, ಪೂರ್ತಿ ಚೆಲ್ಲಿ ಮಡಕೆಯನ್ನು ಕುದಿನೀರಿನಲ್ಲಿ ತೊಳೆದು ಎರಡು ದಿನ ಬಿಸಿಲಿಗೆ ಬೋರಲು ಹಾಕಿ.

ಮದುವೆ ಮುಂಜಿಗೆಂದು ನಾಲ್ಕು ದಿನ ಊರಿಗೆ ಹೋಗುವವರು ಒಂದು ಬಟ್ಟಲು ತಳದ ಅಂಬಲಿಯನ್ನು ಫ್ರಿಜ್‌ನಲ್ಲಿಟ್ಟು ಹೋಗಿ. ಅದಕ್ಕಿಂತ ಹೆಚ್ಚು ದಿನವಾದರೆ ಪಕ್ಕದ ಮನೆಗೆ ಕೊಟ್ಟು ಹೋಗಿ, ಅವರು ಮಾಡಿಕೊಂಡು ಕುಡಿಯುತ್ತಿರಲಿ. ನನ್ನ ಮಡಕೆಯಲ್ಲಿರುವುದೂ ಹಾಗೆ ಎರಡು ಸಲ ಪಕ್ಕದ ಮನೆಗೆ ಹೋಗಿ ಬಂದದ್ದೇ. ಆ ಹುಡುಗಿಗೂ ನಿನ್ನೆ ನಸುಕಿನಲ್ಲಿ ಎರಡು ಸೌಟು ಕೊಟ್ಟಿದ್ದೇನೆ. ನಾಳೆ ಐದಕ್ಕೆ ಅವಳ ಮನೆಗೆ ಹೋಗಿ ಬುಟ್ಟಿ ನೋಡಬೇಕು.